ಗೂಟವನ್ನು ಎಳೆದಳೋ, ಒತ್ತಿದಳೋ

ಬೂದು ಗೂಬೆ ಪ್ರಕಾಶನದ ಘನತೆವೆತ್ತ ನಿರ್ದೇಶಕರಾದ ಮಾನ್ಯರೇ,

ಡ್ಯಾನ್ಯೂಬ್ ದಂಡೆಯ ಗಿರ್ಲಾ ವೆಕೆ ಎಂಬ ಹಳ್ಳಿಯ ಸಮಸ್ತ ಓದುಗರ ಪರವಾಗಿ, ಎಂದರೆ ಹದಿನಾಲ್ಕು ಹೆಂಗಸರು ಮತ್ತು ತಾನು ಇಂಥದ್ದನ್ನೆಲ್ಲ ಓದುವುದೇ ಇಲ್ಲವೆಂದು ಹೇಳಿಕೊಳ್ಳುವ ಒಬ್ಬ ಅಂಚೆಯವನ ಪರವಾಗಿ, ತಮಗೂ ತಮ್ಮ ಕುಟುಂಬಕ್ಕೂ ತಮ್ಮ ಲಾಂಛನದಲ್ಲಿ ಕೂತಿರುವ ಗೂಬೆಗೂ ಆಯುರಾರೋಗ್ಯವನ್ನು ಕೋರುತ್ತೇನೆ. ದೂರು ಹೇಳುವ ಮೊದಲು ಏಳು ತಿಂಗಳಿಂದ ಬಚ್ಚಿಟ್ಟಿದ್ದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತಾವು ಹೊರದೇಶದ ಭಾಷೆಯಿಂದ ಅನುವಾದಿಸಿ ತರುತ್ತಿದ್ದ ‘ಹದಿಮೂರನೇ ಸೇತುವೆ’ ಮಾಲಿಕೆಯ, ನಾಲ್ಕು ವರ್ಷಗಳಿಂದ ಪ್ರಕಟಿಸದೆ ಉಳಿಸಿರುವ ಏಳನೇ ಸಂಪುಟವನ್ನು ಹೋದ ಸೆಪ್ಟೆಂಬರಿನಲ್ಲಿ ನಾನು ಹೊರತಂದೆ. ಅಚ್ಚು ಹಾಕಿಸಲಿಲ್ಲ, ಬಾಯಲ್ಲೇ ತಂದೆ. ಮನೆಯಲ್ಲಿದ್ದ ಹಳೆಯ ಜೇನುಸಾಕಣೆ ಕೈಪಿಡಿಗೆ ಆರನೇ ಸಂಪುಟದ ರಟ್ಟು ಹೊದಿಸಿ, ಹನ್ನೊಂದು ಮಧ್ಯಾಹ್ನ, ಇಲ್ಲದ ಕಥೆಯನ್ನು ಇದ್ದಂತೆ ಓದಿದೆ. ಕೇಳುತ್ತಿದ್ದವರು ನಂಬಿದರು. ಇದು ಕಳ್ಳತನವಾದರೆ ತಾವು ಪೊಲೀಸರಿಗೆ ಹೇಳಬಹುದು. ಆದರೆ ಇಲ್ಲದ ವಸ್ತುವನ್ನು ಕದ್ದವಳ ಮೇಲೆ ಯಾವ ಕಲಮು ಹಾಕುತ್ತಾರೋ ನನಗೆ ತಿಳಿಯದು.

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅಭ್ಯಾಸವಿದ್ದಿದ್ದರೆ ಇಷ್ಟು ಹೊತ್ತಿಗೆ ಶಾಲೆ ಮುಗಿಸಿರುತ್ತಿದ್ದೆ. ಹತ್ತನೇ ತರಗತಿಯ ರೇಖಾಗಣಿತದ ಪಾಠದಲ್ಲಿ, ಮೇಜಿನ ಕೆಳಗೆ ತಮ್ಮ ಆರನೇ ಸಂಪುಟವನ್ನು ಹಿಡಿದು ಸಿಕ್ಕಿಬಿದ್ದಾಗ, ಒಳ್ಳೆಯವರಾದ ನಮ್ಮ ಮೇಷ್ಟ್ರು ತಪ್ಪಿಸಿಕೊಳ್ಳುವ ದಾರಿಯನ್ನೂ ತೋರಿಸಿದ್ದರು. “ಅದು ಇತಿಹಾಸದ ಪುಸ್ತಕ ತಾನೇ ಅಮ್ಮಾ?” “ಅಲ್ಲ ಸಾರ್, ರಕ್ತಪಿಶಾಚಿ ಮುತ್ತು ಕೊಡ್ತಿದಾನೆ.” “ನನ್ನ ಪಾಠಕ್ಕಿಂತ ಅದು ಚೆನ್ನಾಗಿದೆಯೋ?” “ಹೌದು ಸಾರ್.” ಕ್ಷಮೆ ಕೇಳು ಎಂದರು. ಪಾಠದಲ್ಲಿ ಓದಿದ್ದಕ್ಕೆ ಕೇಳಿದೆ. ಚೆನ್ನಾಗಿದೆ ಎಂದದ್ದಕ್ಕೆ ಕೇಳಲಿಲ್ಲ, ಏಕೆಂದರೆ ಅದು ಚೆನ್ನಾಗಿಯೇ ಇತ್ತು. ಮೂರು ದಿನ ಮುಖ್ಯೋಪಾಧ್ಯಾಯರ ಕೋಣೆಯ ಮುಂದೆ ನಿಲ್ಲಿಸಿದರು. ನಾಲ್ಕನೇ ದಿನ ನಾನು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದೆ. ಆಮೇಲೆ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿದೆ, ಕುರಿ ಕಾಯ್ದೆ, ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿದೆ. ಎಲ್ಲಿಯೂ ನಾಲ್ಕು ತಿಂಗಳು ನಿಂತವಳಲ್ಲ. ನಾನು ಶಾಲೆಯನ್ನು ಅರ್ಧಕ್ಕೆ ಬಿಟ್ಟೆ, ತಾವು ಕಥೆಯನ್ನು ಅರ್ಧಕ್ಕೆ ಬಿಟ್ಟಿರಿ, ಹೀಗಾಗಿ ನಾವಿಬ್ಬರೂ ಒಂದೇ ಜಾತಿಯವರೆಂದು ಯಾರಾದರೂ ಹೇಳಬಹುದು. ಆದರೆ ನಾನು ಹೊರಡುವಾಗ ಬಾಗಿಲಿನ ಮೇಲೆ ‘ಮುಂದಿನ ತರಗತಿ ಬರುವ ವಸಂತಕ್ಕೆ!’ ಎಂದು ಬರೆದು, ಪಕ್ಕದಲ್ಲಿ ಕಣ್ಣು ಹೊಡೆಯುವ ಗೂಬೆಯ ಚಿತ್ರ ಹಾಕಿರಲಿಲ್ಲ.

ಈ ಪುಸ್ತಕಗಳಿಂದ ನಾನು ಏನು ಕಲಿತೆ ಎಂದು ಶಾಲೆಯವರು ಕೇಳಿದರು, ಪಾದ್ರಿಗಳು ಕೇಳಿದರು, ಇಟಲಿಯಲ್ಲಿ ಮುದುಕರ ಆರೈಕೆ ಮಾಡಿಕೊಂಡಿರುವ ಅಮ್ಮ ಫೋನಿನಲ್ಲಿ ಕೇಳಿದಳು. ಏನೂ ಕಲಿತಿಲ್ಲ ಮಾನ್ಯರೇ. ಖುಷಿಯಾಗುತ್ತದೆ, ಓದುತ್ತೇನೆ. ರಾತ್ರಿ ಪಾಳಿಯಲ್ಲಿ ಆಂಬುಲೆನ್ಸ್ ಓಡಿಸುವ ಮಿರೆಲ್ ಎಂಬ ಹುಡುಗಿ, ನಾನೂರು ವರ್ಷದಿಂದ ಸತ್ತಿರುವ ರಕ್ತಪಿಶಾಚಿ ಎಡ್ರಿಕ್‌ನನ್ನು ಸೇತುವೆಯ ಕೆಳಗೆ ನೋಡಿ, ನಾಡಿ ಹಿಡಿದು, ನಾಡಿ ಇಲ್ಲವೆಂದು ತಿಳಿದ ಮೇಲೂ ಕೈ ಬಿಡದೆ ಕೂರುತ್ತಾಳಲ್ಲ, ಆ ಪುಟ ಬಂದಾಗಲೆಲ್ಲ ಒಲೆಯ ಮೇಲಿಟ್ಟ ಹಾಲನ್ನು ಮರೆಯುತ್ತೇನೆ. ಎಂಟು ಸಲ ಓದಿದ್ದೇನೆ, ಎಂಟು ಸಲವೂ ಹಾಲು ಉಕ್ಕಿದೆ. ಪಂಕ್ಚರ್ ಹಾಕುವಾಗ ಒಮ್ಮೆಯೂ ಹಾಗೆ ಮೈಮರೆಯಲಿಲ್ಲ.

ಎಂಬತ್ತೊಂದು ವರ್ಷದ ನನ್ನ ಅಜ್ಜಿ ದೊಮ್ನಿಕಾ ಕಣ್ಣಿನ ಪೊರೆಯಿಂದಾಗಿ ಸಣ್ಣ ಅಕ್ಷರ ಓದಲಾರಳು. ಪ್ರಾರ್ಥನೆಯ ಪುಸ್ತಕವೆಂದುಕೊಂಡು, ನಾನು ಹಿಡಿದಿದ್ದ ಪುಸ್ತಕದ ಹೊದಿಕೆಯ ಮೇಲೆ ಎದೆ ತೋರಿಸಿಕೊಂಡು ನಿಂತ ಗಂಡಸನ್ನು ಬೆರಳಲ್ಲಿ ಸವರಿ, “ಇವನ್ಯಾವ ಸಂತನೇ, ಅಂಗಿ ಇಲ್ದೋನು?” ಎಂದಳು. ನಿಜ ಹೇಳಿದೆ. “ಓದು” ಎಂದಳು. ಅಂದಿನಿಂದ ಶುರುವಾಯಿತು. ಸತ್ತವರು ಎದ್ದು ಬರುವ ವಿಷಯದಲ್ಲಿ ನಮ್ಮೂರಿನವರು ತಮ್ಮ ಲೇಖಕಿಗಿಂತ ಹೆಚ್ಚು ಬಲ್ಲವರು. ನಮ್ಮಲ್ಲಿ ಎದ್ದು ಬಂದವರೆಲ್ಲ ಪಕ್ಕದ ಮನೆಯ ಹಸುವಿನ ಹಾಲು ಕರೆದುಕೊಂಡೋ ಉಪ್ಪಿನಕಾಯಿ ಪೀಪಾಯಿ ಹುಡುಕಿಕೊಂಡೋ ಹೋದವರೇ ಹೊರತು, ಪಿಯಾನೋ ನುಡಿಸಿದವರಿಲ್ಲ. “ಸತ್ತೋನು ದಿನಾ ತಲೆ ಬಾಚ್ಕೊತಾನಾ?” ಎಂದು ಅಜ್ಜಿ ಗೊಣಗಿದಳು. “ನಿನ್ ಗಂಡ ಬದುಕಿದ್ದಾಗ್ಲೇ ಬಾಚ್ಕೊಳ್ಲಿಲ್ಲ, ಅದಕ್ಕೇ ಹೊಟ್ಟೆಕಿಚ್ಚು ನಿಂಗೆ” ಎಂದು ಪಕ್ಕದ ಮನೆಯ ತಿಂಕಕ್ಕ ಬೇಲಿಯಾಚೆಯಿಂದಲೇ ಅಂದು, ಮರುದಿನ ಬೇಲಿ ಸುತ್ತಿಕೊಂಡು ಬಂದು ಅಂಗಳದಲ್ಲಿ ಕೂತಳು. ನಾಲ್ಕನೇ ಸಂಪುಟದ ಹೊತ್ತಿಗೆ ಹದಿನಾಲ್ಕು ಜನ. ಪ್ಲಮ್ ಹಣ್ಣಿನ ಜಾಮು ಕುದಿಯುವ ತಾಮ್ರದ ಹಂಡೆಯ ಸುತ್ತ ಸರದಿಯ ಮೇಲೆ ಸೌಟು ತಿರುಗಿಸುತ್ತ ಕೇಳುತ್ತಿದ್ದರು. ಮುತ್ತಿನ ಪುಟಗಳೆಲ್ಲ ಅಂಟಿಕೊಂಡಿವೆ. ಆ ವರ್ಷ ಸಂತ ಆಂದ್ರೇಯನ ಹಬ್ಬದ ಹಿಂದಿನ ಸಂಜೆ, ಪಿಶಾಚಿ ಬಾರದಿರಲೆಂದು ಬಾಗಿಲು ಕಿಟಕಿಗಳಿಗೆಲ್ಲ ಬೆಳ್ಳುಳ್ಳಿ ಉಜ್ಜುವಾಗ, ಅಜ್ಜಿ ಒಂದು ಕಿಟಕಿಯನ್ನು ಬಿಟ್ಟಳು. ಮರೆತೆಯಾ ಎಂದು ಕೇಳಿದರೆ, “ಎಲ್ಲಾನೂ ಮುಚ್ಚಿದ್ರೆ ಒಳ್ಳೇವ್ರೂ ಬರಲ್ಲ ಕಣೇ” ಎಂದಳು.

ಇಂಥ ಮನೆಗೆ ತಾವು ಆರನೇ ಸಂಪುಟವನ್ನು ಕಳಿಸಿದಿರಿ. ಕೊನೆಯ ಪುಟದಲ್ಲಿ ಸೇತುವೆಯ ಕೆಳಗೆ ಎಡ್ರಿಕ್ ಬಿದ್ದಿದ್ದಾನೆ, ಎದೆಯಲ್ಲಿ ರಕ್ತಪಿಶಾಚಿಯನ್ನು ಕೊಲ್ಲುವ ಮುಳ್ಳುಮರದ ಗೂಟ. ಮಿರೆಲ್ ಎರಡೂ ಕೈಗಳಿಂದ ಆ ಗೂಟವನ್ನು ಹಿಡಿದು, ಕಣ್ಣು ಮುಚ್ಚಿ, ತನ್ನ ಬಲವನ್ನೆಲ್ಲ ಹಾಕಿ... ಅಷ್ಟೇ. ಪುಟ ತಿರುವಿದರೆ ಕಣ್ಣು ಹೊಡೆಯುವ ತಮ್ಮ ಗೂಬೆ, ‘ಮುಂದಿನ ಸಂಪುಟ ಬರುವ ವಸಂತಕ್ಕೆ!’ ಎಂಬ ಸಾಲು, ಹಿಮ್ಮಡಿ ಒಡೆತಕ್ಕೆ ಹಚ್ಚುವ ಮುಲಾಮಿನ ಜಾಹೀರಾತು. ಸೌಟು ನಿಂತು ಜಾಮು ತಳ ಹಿಡಿಯಿತು. “ಎಳೆದ್ಲಾ, ಒತ್ತಿದ್ಲಾ?” ಎಂದಳು ಅಜ್ಜಿ. ನಾಲ್ಕು ವರ್ಷದಿಂದ ನಮ್ಮೂರಿನಲ್ಲಿ ಬೇರೆ ಪ್ರಶ್ನೆಯೇ ಹುಟ್ಟಿಲ್ಲ. ಎಳೆದಳೆನ್ನುವವರು ಚರ್ಚಿನಲ್ಲಿ ಎಡಕ್ಕೂ ಒತ್ತಿದಳೆನ್ನುವವರು ಬಲಕ್ಕೂ ನಿಲ್ಲುತ್ತಾರೆ.

ನನ್ನ ಮೂರು ಪತ್ರಗಳಿಗೆ ತಾವು ದಯೆಯಿಂದ ಬರೆದ ಒಂದು ಉತ್ತರವನ್ನು ದಿನಸಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇವೆ. ‘ಓದುಗರ ಆಸಕ್ತಿ ಸಾಲದ ಕಾರಣ ಮಾಲಿಕೆಯನ್ನು ಮುಂದುವರಿಸಲಾಗುತ್ತಿಲ್ಲ’ ಎಂಬ ಆ ಸಾಲಿನ ಭಾಷೆ ಬಹಳ ಸೊಗಸಾಗಿದೆ. ಇಂಥ ಗೂಟವನ್ನು ತಮ್ಮ ಲೇಖಕಿಯೂ ಇಷ್ಟು ನೇರವಾಗಿ ಹೊಡೆದಿಲ್ಲ. ಒಂದೇ ಪ್ರತಿಯನ್ನು ಹದಿನಾಲ್ಕು ಜನ ಓದಿದರೆ ಆಸಕ್ತಿ ಹದಿನಾಲ್ಕರಷ್ಟೋ ಹದಿನಾಲ್ಕರಲ್ಲಿ ಒಂದರಷ್ಟೋ ಎಂಬುದನ್ನು ನಾನು ಬಿಟ್ಟ ರೇಖಾಗಣಿತದ ಮೇಷ್ಟ್ರನ್ನು ಕೇಳಿ ತಿಳಿಸುತ್ತೇನೆ.

ಹೋದ ಬೇಸಿಗೆಯಲ್ಲಿ ಅಜ್ಜಿ ಬಿದ್ದು ಸೊಂಟ ನೋಯಿಸಿಕೊಂಡಳು. ಹಾಸಿಗೆಯಲ್ಲಿ ಮಲಗಿ, “ಆ ಹುಡುಗನ ವಿಷ್ಯ ತಿಳೀದೇ ಹೋಗ್ಬಿಡ್ತೀನೇನೋ” ಎಂದಳು. ಅದಕ್ಕಾಗಿ ನಾನು ಜೇನಿನ ಕೈಪಿಡಿಗೆ ರಟ್ಟು ಹಾಕಿದೆ. ನನ್ನ ಸಂಪುಟದಲ್ಲಿ ಮಿರೆಲ್ ಗೂಟವನ್ನು ಎಳೆದಳು. ಎಡ್ರಿಕ್ ಕಣ್ಣು ತೆರೆದ. ಐದನೇ ದಿನಕ್ಕೆ ನನ್ನ ಕಲ್ಪನೆ ಬತ್ತಿದಾಗ ಕೈಪಿಡಿಯಲ್ಲಿ ಇದ್ದುದನ್ನೇ ಓದಿದೆ. ಹೀಗಾಗಿ ಎಡ್ರಿಕ್ ಸೇತುವೆಯ ಕೆಳಗೆ ಆರು ಜೇನುಪೆಟ್ಟಿಗೆ ಇಟ್ಟು, ಚಳಿಗಾಲಕ್ಕೆ ಮುಂಚೆ ಮುಚ್ಚಳಗಳಿಗೆ ಮೇಣ ಮೆತ್ತಿದ. “ಈಗ ಗಂಡಸಾದ ನೋಡು, ಕೆಲ್ಸ ಕಲ್ತ” ಎಂದು ತಿಂಕಕ್ಕ ಕಣ್ಣೊರೆಸಿಕೊಂಡಳು. ಇಡೀ ಮಾಲಿಕೆಯಲ್ಲಿ ಏಳನೆಯದೇ ಶ್ರೇಷ್ಠವೆಂದು ಎಲ್ಲರೂ ಹೇಳಿದರು. ತಮಗೆ ನೋವಾಗಬಹುದು, ಆದರೂ ನಿಜ.

ಮುಂದಿನ ಭಾನುವಾರ ಅಜ್ಜಿ ಕೋಲೂರಿಕೊಂಡು ಚರ್ಚಿಗೆ ನಡೆದಳು. ನಮ್ಮಲ್ಲಿ ಪ್ರಾರ್ಥನೆಗೆ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ: ಒಂದು ಕಡೆ ಬದುಕಿರುವವರು, ಇನ್ನೊಂದು ಕಡೆ ಸತ್ತವರು. ಬದುಕಿದವನನ್ನು ಸತ್ತವರ ಕಡೆ ಬರೆದರೆ ಅವನ ಆಯಸ್ಸಿಗೆ ಕೇಡು, ಸತ್ತವನನ್ನು ಬದುಕಿದವರ ಕಡೆ ಬರೆದರೆ ಅವನಿಗೆ ಪರಲೋಕದಲ್ಲಿ ಅನ್ನವಿಲ್ಲ. ತಪ್ಪು ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು. ಪಾದ್ರಿ ಸೆವೆರ್ ಅವರು ಅಜ್ಜಿಯ ಚೀಟಿಯಲ್ಲಿ ಬದುಕಿರುವವರ ಸಾಲನ್ನು ಗಟ್ಟಿಯಾಗಿ ಓದುತ್ತ ಅಪ್ಪ, ಅಮ್ಮ, ನನ್ನ ಹೆಸರು ದಾಟಿ, ಅಲ್ಲಿಗೆ ನಿಂತರು.

“ಎಡ್ರಿಕ್? ಯಾರಮ್ಮ ದೊಮ್ನಿಕಾ ಇದು?”

“ನಮ್ಮೋನೇ ಸ್ವಾಮಿ. ತುಂಬಾ ಕಷ್ಟ ಪಟ್ಟಿದಾನೆ, ಹೆಸ್ರು ಓದ್ಬಿಡಿ.”

“ದೀಕ್ಷಾಸ್ನಾನ ಆಗಿದೆಯಾ?”

“ಆಗಿದೆ ಸ್ವಾಮಿ. ನಾನೂರು ವರ್ಷ ಆಯ್ತು.”

“ಅದೇ ಪುಸ್ತಕದ ತೋಳಮನುಷ್ಯನ್ದೂ ಓದ್ಬಿಡಿ ಸ್ವಾಮಿ, ಅವ್ನಿಗೂ ಯಾರೂ ಇಲ್ಲ” ಎಂದು ತಿಂಕಕ್ಕ ಹಿಂದಿನಿಂದ ಕೂಗಿದಳು. ಚರ್ಚಿನ ಎಡಭಾಗವೂ ಬಲಭಾಗವೂ ಒಟ್ಟಿಗೆ ನಕ್ಕಿತು. ಪಾದ್ರಿಗಳು ಮುಂದಿನ ಹೆಸರನ್ನು ನೋಡಿದರು, ಅಜ್ಜಿಯನ್ನು ನೋಡಿದರು, ತಗ್ಗಿದ ದನಿಯಲ್ಲಿ ಓದಿದರು: “ಇಲಾರಿಯೆ.” ಆಗ ಯಾರೂ ನಗಲಿಲ್ಲ.

ಇಲಾರಿಯೆ ನನ್ನ ತಾತ. ಜೇನಿನ ಕೈಪಿಡಿ ಅವನದೇ. ನಲವತ್ತೆರಡು ವರ್ಷದ ಹಿಂದೆ, ದೇಶ ಬಿಟ್ಟು ಹೋಗಲು ಯಾರನ್ನೂ ಬಿಡದಿದ್ದ ಕಾಲದಲ್ಲಿ, ಟ್ರ್ಯಾಕ್ಟರ್ ಚಕ್ರದ ಟ್ಯೂಬನ್ನು ಸೊಂಟಕ್ಕೆ ಕಟ್ಟಿಕೊಂಡು ಡ್ಯಾನ್ಯೂಬಿಗೆ ಇಳಿದ. ಬೇರೆ ದೇಶವಾದ ಆಚೆ ದಂಡೆಯಿಂದ ಕಾಗದ ಬರಲಿಲ್ಲ, ಈಚೆ ದಂಡೆಗೆ ಹೆಣ ಬರಲಿಲ್ಲ. ಅಷ್ಟು ವರ್ಷವೂ ಅಜ್ಜಿ ಅವನ ಹೆಸರನ್ನು ಚೀಟಿಯ ಯಾವ ಕಡೆಗೂ ಬರೆದಿರಲಿಲ್ಲ. ಈಗೇಕೆ ಬರೆದೆ ಎಂದು ದಾರಿಯಲ್ಲಿ ಕೇಳಿದೆ. “ಎದೇಲಿ ಗೂಟ ಇಟ್ಕೊಂಡೋನೇ ನಾಲ್ಕು ವರ್ಷ ಆದ್ಮೇಲೆ ಎದ್ದು ಕೂತ. ನಮ್ಮೋನಿಗೆ ಈಜು ಬರ್ತಿತ್ತಲ್ಲೇ” ಎಂದಳು.

ಆ ಚಳಿಗಾಲವೆಲ್ಲ ನಾನು ಏನು ನೋಡಿದೆ ಎಂಬುದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ತಾತನ ಉಣ್ಣೆ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ಅದಕ್ಕೆ ಹೊಸ ಗುಂಡಿ ಹೊಲಿಸಿದಳು. ಅಂಚೆಯವನ ಸೈಕಲ್ ಗಂಟೆಗೆ ಬಾಗಿಲಿಗೆ ಬರತೊಡಗಿದಳು, ನೋಯುವ ಸೊಂಟದಲ್ಲಿ. ನಾನು ಹೇಳಿದ ಒಂದು ಸುಳ್ಳು ಮನೆಯಲ್ಲಿ ಅಷ್ಟು ಕೆಲಸ ಮಾಡುತ್ತಿತ್ತು, ನಾನೇ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಹೋದ ವಾರ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅಜ್ಜಿ ನನ್ನನ್ನು ಬಯ್ಯಲಿಲ್ಲ. ಎರಡು ದಿನ ಅಂಚೆಯವನ ಗಂಟೆ ಕೇಳಿದರೂ ಬಾಗಿಲಿಗೆ ಹೋಗಲಿಲ್ಲ. ಮೂರನೇ ದಿನ ಪ್ರಾರ್ಥನೆಯ ಚೀಟಿಯನ್ನು ತಂದು, ದಪ್ಪ ಅಕ್ಷರದಲ್ಲಿದ್ದ ಎಡ್ರಿಕ್, ಇಲಾರಿಯೆ ಎಂಬ ಎರಡೂ ಹೆಸರುಗಳ ಮೇಲೆ ಗೆರೆ ಎಳೆದು ಹೇಳಿದಳು: “ನೀನೇ ಹೋಗಿ ಕೇಳ್ಕೊಂಡು ಬಾ. ಎಳೆದಿದ್ರೆ ಎಳೆದ್ಲು ಅನ್ಲಿ, ಒತ್ತಿದ್ರೆ ಒತ್ತಿದ್ಲು ಅನ್ಲಿ. ನಂಗೆ ಸುಳ್ಳು ಬೇಡ. ಇಬ್ರಲ್ಲಿ ಒಬ್ಬಂದಾದ್ರೂ ತಿಳ್ಕೊಂಡು ಸಾಯ್ತೀನಿ.”

ಆದ್ದರಿಂದ ಮಾನ್ಯರೇ, ಏಳನೇ ಸಂಪುಟವನ್ನು ಇದೇ ವಸಂತ ಮುಗಿಯುವುದರೊಳಗೆ ಅಚ್ಚು ಹಾಕಿಸಬೇಕೆಂದು ಪ್ರಾರ್ಥಿಸುತ್ತೇನೆ. ಅದಾಗದಿದ್ದರೆ ಹೊರದೇಶದ ಮೂಲ ಪುಸ್ತಕವನ್ನು ಓದಬಲ್ಲ ತಮ್ಮ ಕಚೇರಿಯ ಯಾರಾದರೊಬ್ಬರು ಮೊದಲ ಪುಟವನ್ನು ಮಾತ್ರ ಓದಿ, ಎಡ್ರಿಕ್ ಬದುಕಿದ್ದಾನೆ ಅಥವಾ ಸತ್ತಿದ್ದಾನೆ ಎಂದು ಒಂದು ಕಾಗದದಲ್ಲಿ ಬರೆದು, ದಪ್ಪ ಅಕ್ಷರದಲ್ಲಿ, ಕೆಳಗೆ ಗೂಬೆಯ ಮೊಹರು ಒತ್ತಿ ಕೊಡಬೇಕು. ಲೇಖಕಿಯೇ ಬರೆಯದೆ ಬಿಟ್ಟಿದ್ದರೆ ಆಕೆಯ ಮನೆಯ ವಿಳಾಸ ಕೊಡಬೇಕು. ಜೇನುಪೆಟ್ಟಿಗೆಯ ಅಧ್ಯಾಯವನ್ನು ಸೇರಿಸಿಕೊಳ್ಳಲು ಆಕೆ ಬಯಸಿದರೆ ನನ್ನ ಅಭ್ಯಂತರವಿಲ್ಲ; ತಾತನ ಕೈಪಿಡಿಯ ಹೆಸರನ್ನು ಹಾಕಿದರೆ ಸಾಕು. ತಾತನ ವಿಷಯದಲ್ಲಿ ತಮ್ಮನ್ನು ಏನೂ ಕೇಳುವುದಿಲ್ಲ, ಅವನನ್ನು ಅರ್ಧಕ್ಕೆ ನಿಲ್ಲಿಸಿದವರು ತಾವಲ್ಲ.

ಓದುವ ಆಸಕ್ತಿ ಸಾಲದೆಂದು ತಾವು ಹೇಳಿದ ಮೇಲೂ ಓದುತ್ತಲೇ ಇರುವ,

ತಮ್ಮ ವಿಶ್ವಾಸಿ,
ರುಕ್ಸಾಂದ್ರಾ ಬಿಬಿಕು
ಗಿರ್ಲಾ ವೆಕೆ

ತಾ.ಕ.: ತಮ್ಮ ಕಾದಂಬರಿಗಳ ಪ್ರಕಾರ ಕರೆಯದೆ ಯಾರ ಹೊಸ್ತಿಲನ್ನೂ ದಾಟುವಂತಿಲ್ಲ. ಆ ನಿಯಮ ಸತ್ತವರಿಗೆ ಮಾತ್ರವೆಂದು ಮೊದಲ ಸಂಪುಟದ ಮೂವತ್ತೊಂದನೇ ಪುಟದಲ್ಲಿ ಸ್ಪಷ್ಟವಾಗಿದೆ, ನಾನಿನ್ನೂ ಬದುಕಿದ್ದೇನೆ. ಅಜ್ಜಿ ಎರಡು ಡಬ್ಬಿ ಕಟ್ಟಿಕೊಟ್ಟಿದ್ದಾಳೆ: ಒಂದರಲ್ಲಿ ಪ್ಲಮ್ ಜಾಮಿನ ಕಡುಬು, ಇನ್ನೊಂದರಲ್ಲಿ ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಸಿಹಿ ಗೋಧಿ. ತಮ್ಮ ಉತ್ತರ ಕೇಳಿದ ಮೇಲೆ ಯಾವುದನ್ನು ತೆರೆಯಬೇಕೆಂದು ತಿಳಿಯುತ್ತದೆ. ತಾವು ಯಾವುದಾದರೂ ಒಂದನ್ನು ತಿನ್ನಲೇಬೇಕಾಗುತ್ತದೆ. ಈ ಕಾಗದವನ್ನು ಕೈಯಲ್ಲೇ ಹಿಡಿದು, ನಾಳೆ ಬೆಳಿಗ್ಗೆ ಐದೂ ಇಪ್ಪತ್ತರ ಬಸ್ಸಿಗೆ ತಮ್ಮ ಕಚೇರಿಗೆ ಹೊರಡುತ್ತೇನೆ.