ಗ್ರೀಕನ ಮೊಟ್ಟೆಗೆ ಮಾಯಮ್ಮನ ಕೆಮ್ಮು

ಶಿವಣ್ಣ: ಸುಳ್ಳು.

ಜವರಯ್ಯ: ಲೇ, ನಾನಿನ್ನೂ ಬಾಯೇ ತೆಗ್ದಿಲ್ವಲ್ಲೊ!

ಶಿವಣ್ಣ: ತೆಗಿಯಕ್ ಮುಂಚೇನೇ ಯೋಳ್ಬುಟ್ರೆ ಇಬ್ರಿಗೂ ಟೈಮ್ ಉಳೀತದೆ.

ಜವರಯ್ಯ: ಆ ಗ್ರೀಸ್ ದೇಸದ ಇಂಜಿನೀರು ಇದೇ ಇತ್ಲಲ್ಲಿ, ನೀನ್ ಕುಂತಿದ್ದೀಯಲ್ಲ, ಅದೇ ಕಲ್ ಮ್ಯಾಲೆ ಕುಂತಿದ್ದ ಕಣ್ಲಾ. ನಾನು ಇದೇ ಕೈಯಲ್ಲಿ ಮೊಟ್ಟೆ ಒಡ್ದು, ತರ್ಕಾರಿ ಆಕಿ, ಅವ್ರೂರ್ ತಿಂಡೀನೇ ಮಾಡ್ಕೊಟ್ಟೆ. ತಿಂದೋನು ಗೊಳೋ ಅಂತ ಅತ್ತ. ಅವನ ಕಣ್ಣೀರೆಲ್ಲ ಅರ್ಕೊಂಡು ಟೊಮೇಟೊ ಪಾತಿಗೆ ಓಯ್ತು. ಆ ವರ್ಸ ನಮ್ಮನೇಲಿ ಸಾರಿಗೆ ಉಪ್ಪೇ ಆಕ್ಲಿಲ್ಲ.

ಶಿವಣ್ಣ: ಎಷ್ಟು ಮೊಟ್ಟೆ?

ಜವರಯ್ಯ: ಅರವತ್ತು.

ಶಿವಣ್ಣ: ಮೊದ್ಲನೇ ಸಲ ಯೋಳ್ದಾಗ ನಾಲ್ಕಿತ್ತು. ನನ್ ಮಗನ್ ಮದ್ವೇಲಿ ಅನ್ನೆರಡಾಯ್ತು. ಕೊರೊನಾ ಟೈಮಲ್ಲಿ ಮೂವತ್ತು.

ಜವರಯ್ಯ: ಎಲ್ಲಾದರ ರೇಟೂ ಏರ್ಬುಟ್ಟದೆ. ಇದೊಂದು ಏರ್ಬಾರ್ದಾ?

ಶಿವಣ್ಣ ಮದ್ದೂರು–ಮಳವಳ್ಳಿ ರೂಟಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವನು. ಟಿಕೆಟ್ ತೆಗೆದುಕೊಳ್ಳದೆ ನಿದ್ದೆಯ ನಾಟಕ ಆಡುವವರನ್ನು ಬರೀ ರೆಪ್ಪೆ ನೋಡಿ ಹಿಡಿಯುತ್ತಿದ್ದ. ಜವರಯ್ಯ ಸಕ್ಕರೆ ಫ್ಯಾಕ್ಟರಿಯ ಬಾಯ್ಲರ್ ಹತ್ತಿರ ಕೆಲಸ ಮಾಡಿ ರಿಟೈರಾದವನು. ಹೊಸ ಬಾಯ್ಲರು ಕೂರಿಸಲು ಬಂದಿದ್ದ ಗ್ರೀಕನಿಗೆ ತಾನು ಅಡುಗೆ ಮಾಡಿ ಬಡಿಸಿದ ಕಥೆಯನ್ನು ಅವನು ಚಿಕ್ಕಮಾದುವಿನ ಟೀ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಹೇಳುತ್ತಿದ್ದ. ಶಿವಣ್ಣನೂ ನಲವತ್ತು ವರ್ಷದಿಂದ ‘ಸುಳ್ಳು’ ಎನ್ನುತ್ತಿದ್ದ.

ನಿನ್ನೆ ಮಾತು ಬೆಳೆದು ಪಂತಕ್ಕೆ ಬಂತು. ಜವರಯ್ಯ ಇವತ್ತು, ಭಾನುವಾರ ಬೆಳಿಗ್ಗೆ, ಶಿವಣ್ಣನ ಕಣ್ಣೆದುರಿಗೆ, ಯಾರ ಸಹಾಯವೂ ಇಲ್ಲದೆ, ಆ ಗ್ರೀಕ್ ತಿಂಡಿಯನ್ನು ಮಾಡಿ ತೋರಿಸಬೇಕು. ತೋರಿಸಿದರೆ ಶಿವಣ್ಣ ಟೀ ಅಂಗಡಿಯಲ್ಲಿ ಎದ್ದುನಿಂತು ‘ಜವರಯ್ಯ ಹೇಳಿದ್ದು ನಿಜ’ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಆಗದಿದ್ದರೆ ಜವರಯ್ಯ ಇನ್ನು ಸಾಯುವತನಕ ಗ್ರೀಕನ ಸುದ್ದಿ ಎತ್ತುವಂತಿಲ್ಲ. ಆ ಕಥೆ ಕಿತ್ತುಕೊಂಡರೆ ಅಂಗಡಿಯಲ್ಲಿ ಮಾತಾಡಲು ಅವನಿಗೆ ಉಳಿಯುವುದು ಮಂಡಿನೋವೊಂದೇ. ಅದು ಅಲ್ಲಿ ಎಲ್ಲರ ಹತ್ತಿರವೂ ಇತ್ತು.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಪಕ್ಕದಲ್ಲಿ ಬಾಂಡ್ಲಿ, ಆರು ಮೊಟ್ಟೆ, ಹೆಚ್ಚಿಟ್ಟ ಈರುಳ್ಳಿ, ದಪ್ಪ ಮೆಣಸಿನಕಾಯಿ, ಹೀರೇಕಾಯಿ, ಟೊಮೇಟೊ. ಶಿವಣ್ಣನ ಕೈಯಲ್ಲಿ ಒಂದು ಚೀಟಿ. ಅವನ ಸೊಸೆ ವೀಣ ಫೋನು ನೋಡಿಕೊಂಡು ಹೇಳಿದ್ದನ್ನು ಅವನೇ ಬರೆದುಕೊಂಡು ಬಂದಿದ್ದ. ಜವರಯ್ಯನ ಹೆಂಡತಿ ಮಾಯಮ್ಮ ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಬಾಯಿ ಬಿಡುವಂತಿಲ್ಲ ಎಂದು ಅವಳಿಗೆ ಮೊದಲೇ ಷರತ್ತು ಹಾಕಲಾಗಿತ್ತು.

ಶಿವಣ್ಣ: ಆಲಿವ್ ಎಣ್ಣೆ ಅಂತ ಬರ್ದದೆ. ಇದು ಹುಚ್ಚೆಳ್ಳೆಣ್ಣೆ.

ಜವರಯ್ಯ: ಅವತ್ತೂ ಇದೇ. ಆ ಆಲಿವ್ವು ನಮ್ ಕಡೆ ಬೆಳಿಯಾಕಿಲ್ಲ ಕಣಪ್ಪ ಅಂದೆ. ಅವನು ಇದ್ನ ಮೂಸಿ ‘ಪರ್ವಾಗಿಲ್ಲ’ ಅಂದ.

ಶಿವಣ್ಣ: ಕನ್ನಡದಲ್ಲಿ?

ಜವರಯ್ಯ: ಮೂಗಲ್ಲಿ.

ಶಿವಣ್ಣ: ಫೆಟಾ ಅಂತ ಒಂದದೆ. ಮೇಕೆ ಹಾಲು ಒಡ್ಸಿ, ಉಪ್ಪಾಕಿ, ಗಿಣ್ಣಿನಂಗೆ ಗಟ್ಟಿ ಮಾಡದಂತೆ.

ಜವರಯ್ಯ ಒಂದು ಬಟ್ಟಲಿನ ಮೇಲಿದ್ದ ತಟ್ಟೆಯನ್ನು ತೆಗೆದ. ಬೆಳ್ಳಗೆ, ಗಟ್ಟಿಯಾಗಿ, ಉಪ್ಪು ನೀರಿನಲ್ಲಿ ಕೂತಿತ್ತು. ಶಿವಣ್ಣ ಚೀಟಿಯಲ್ಲಿ ಟಿಕ್ ಹಾಕಬೇಕಾಯಿತು. ಹಾಕಲು ಮನಸ್ಸಿರಲಿಲ್ಲ.

ಶಿವಣ್ಣ: ಇದ್ನ ಯಾರ್ ಮಾಡಿದ್ದು?

ಜವರಯ್ಯ: ಮೇಕೆ.

ಜವರಯ್ಯ ತೋಳು ಮಡಿಸಿ, ಬಾಂಡ್ಲಿ ಕಾಯುವ ಮುಂಚೆಯೇ ಒಂದು ಮೊಟ್ಟೆ ಎತ್ತಿದ. ಮೆಟ್ಟಿಲ ಮೇಲಿನಿಂದ ಒಂದು ಕೆಮ್ಮು ಬಂತು. ಜವರಯ್ಯ ಮೊಟ್ಟೆಯನ್ನು ಕೆಳಗಿಟ್ಟು ಟೊಮೇಟೊ ಎತ್ತಿದ. ಇನ್ನೊಂದು ಕೆಮ್ಮು. ಟೊಮೇಟೊ ಕೆಳಗಿಟ್ಟು ಎಣ್ಣೆಗೆ ಕೈ ಹಾಕಿದ. ಎರಡು ಕೆಮ್ಮು. ಎಣ್ಣೆ ಸುರಿದ.

ಶಿವಣ್ಣ: ಮಾಯಕ್ಕ, ಕೆಮ್ಮು ಜೋರಾಗೇ ಅದಲ್ಲ?

ಮಾಯಮ್ಮ ಕುತ್ತಿಗೆ ತೋರಿಸಿ, ಕೈಯಲ್ಲೇ ‘ಏನೋ ಹಿಂಗೆ’ ಎಂದಳು.

ಜವರಯ್ಯ: ಅವಳ್ಗೆ ಅವರೆಕಾಯಿ ಸೊಗಡು ಆಗಾಕಿಲ್ಲ.

ಶಿವಣ್ಣ: ನಲವತ್ತು ವರ್ಸದಿಂದ ಸುಲೀತಾವ್ಳೆ.

ಜವರಯ್ಯ: ಅದುಕ್ಕೇ ಜೋರಾಗಿರದು.

ಈರುಳ್ಳಿ ಬಿತ್ತು, ಎರಡು ಕೆಮ್ಮು. ದಪ್ಪ ಮೆಣಸಿನಕಾಯಿ, ಎರಡು ಕೆಮ್ಮು. ಉಪ್ಪು ಎರಡನೇ ಹಿಡಿ ಎತ್ತಿದಾಗ ಮಾತ್ರ ಒಂದೇ ಕೆಮ್ಮು, ಅದೂ ಗದರಿದ ಹಾಗೆ. ಕೈ ಗಾಳಿಯಲ್ಲೇ ನಿಂತಿತು.

ಶಿವಣ್ಣನ ಕಿವಿ ನೆಟ್ಟಗಾಯಿತು. ಬಸ್ಸಿನಲ್ಲಿ ಕಂಡಕ್ಟರು ಒಂದು ಸೀಟಿ ಊದಿದರೆ ಡ್ರೈವರು ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಮೂವತ್ತೊಂದು ವರ್ಷ ಊದಿದ್ದು ಅದನ್ನೇ. ಜವರಯ್ಯ ಹೀರೇಕಾಯಿ ಕೈಯಾಡಿಸುತ್ತಿದ್ದಾಗ ಶಿವಣ್ಣ ತಾನೇ ಮೆಲ್ಲಗೆ ಒಂದು ಸಲ ಕೆಮ್ಮಿದ.

ಜವರಯ್ಯನ ಸೌಟು ನಿಂತಿತು.

ಶಿವಣ್ಣ ಎರಡು ಸಲ ಕೆಮ್ಮಿದ. ಸೌಟು ಹೊರಟಿತು.

ಶಿವಣ್ಣ: ಯಾಕ್ಲಾ ನಿಲ್ಸುದ್ದೆ?

ಜವರಯ್ಯ: ಗ್ರೀಕ್ ಅಡ್ಗೇಲಿ ನಡುವ್ ನಡುವೆ ಯೋಚ್ನೆ ಮಾಡ್ಬೇಕು. ಅವ್ರಲ್ಲಿ ಯೋಚ್ನೆ ಮಾಡೋರು ಜಾಸ್ತಿ.

ಶಿವಣ್ಣ: ಕೆಮ್ಮು ಬಂದಾಗ್ಲೇ ಯೋಚ್ನೆ ಬತ್ತದಾ?

ಜವರಯ್ಯ: ಕೆಮ್ಮಾ? ಯಾವ್ ಕೆಮ್ಮು? ನನ್ಗೆ ಕೆಲ್ಸ ಮಾಡುವಾಗ ಕಿವಿ ಕೇಳ್ಸಾಕಿಲ್ಲ.

ಧೈರ್ಯ ತೋರಿಸಲೆಂದು ಜವರಯ್ಯ, ಯಾವ ಕೆಮ್ಮಿಗೂ ಕಾಯದೆ, ಪಕ್ಕದಲ್ಲಿದ್ದ ಒಣಮೆಣಸಿನಕಾಯಿಯನ್ನು ಮುರಿದು ಕಾದ ಎಣ್ಣೆಗೆ ಹಾಕಿದ. ಚೀಟಿಯಲ್ಲಿ ಒಣಮೆಣಸಿನಕಾಯಿ ಇರಲಿಲ್ಲ. ಗ್ರೀಸಿನಲ್ಲೂ ಇದ್ದಿರಲಾರದು. ಘಾಟು ಹಿತ್ತಲನ್ನೆಲ್ಲ ತುಂಬಿತು. ಮೊದಲು ಮಾಯಮ್ಮ ನಿಜವಾಗಿ ಕೆಮ್ಮಿದಳು. ಒಂದು, ಎರಡು, ನಾಲ್ಕು, ಏಳು. ಜವರಯ್ಯ ಕೈಯಾಡಿಸಿದ, ನಿಲ್ಲಿಸಿದ, ಆಡಿಸಿದ, ನಿಲ್ಲಿಸಿದ. ಶಿವಣ್ಣನಿಗೂ ಕೆಮ್ಮು ಹತ್ತಿತು. ಜವರಯ್ಯ ಆ ಕಡೆ ನೋಡಿ ಮೊಟ್ಟೆ ಎತ್ತಿದ, ಈ ಕಡೆ ನೋಡಿ ಇಟ್ಟ, ಮತ್ತೆ ಎತ್ತಿದ. ಒಂದು ಮೊಟ್ಟೆ ಬಾಂಡ್ಲಿಗೆ ಸಿಪ್ಪೆ ಸಮೇತ ಹೋಯಿತು, ಇನ್ನೊಂದು ಅವನ ಪಾದದ ಮೇಲೆ ಒಡೆಯಿತು. ಕೊನೆಗೆ ಅವನಿಗೇ ಕೆಮ್ಮು ಬಂತು, ಅದಕ್ಕೂ ಸೌಟು ನಿಲ್ಲಿಸಿದ.

ತರಕಾರಿ ಕರ‍್ರಗಾಯಿತು.

ಜವರಯ್ಯ: ಒಬ್ಬೊಬ್ರೇ ಕೆಮ್ಮಿ!

ಶಿವಣ್ಣ: ಸಿಕ್ಬುದ್ದಲ್ಲೊ ಮಗ್ನೆ! ಟಿಕೇಟಿಲ್ಲ, ಇಳಿ ಕೆಳಕ್ಕೆ!

ಮಾಯಮ್ಮ ಮೊರ ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಬಂದಳು. ಗಂಡನ ಕೈಯಿಂದ ಸೌಟು ಕಿತ್ತುಕೊಂಡಳು.

ಮಾಯಮ್ಮ: ಸರ‍್ಕಳಿ ಇಬ್ರೂವೆ. ಇರೋ ನಾಲ್ಕು ಮೊಟ್ಟೇನೂ ಪಾದಪೂಜೆಗೆ ಓಗದು ಬ್ಯಾಡ.

ಬಾಂಡ್ಲಿ ಉಜ್ಜಿ, ಒಲೆಯ ಒಂದು ಸೌದೆ ಹಿಂದಕ್ಕೆ ಎಳೆದು ಉರಿ ತಗ್ಗಿಸಿದಳು. ಉಳಿದಿದ್ದ ತರಕಾರಿಯನ್ನು ಎಣ್ಣೆಯಲ್ಲಿ ಬಾಡಿಸಿ, ಟೊಮೇಟೊ ಕಿವುಚಿ ಹಾಕಿ, ಅದರ ನೀರು ಇಂಗುವವರೆಗೂ ಸುಮ್ಮನೆ ನಿಂತಳು. ಆಮೇಲೆ ಮೊಟ್ಟೆ ಒಡೆದು ಹಾಕಿ ಮೆಲ್ಲಗೆ ಕೈಯಾಡಿಸಿ, ಇನ್ನೂ ಹಸಿ ಹಸಿ ಇರುವಾಗಲೇ ಕೆಳಗಿಳಿಸಿದಳು. ಮೇಲೆ ಆ ಮೇಕೆ ಹಾಲಿನ ಗಿಣ್ಣನ್ನು ಪುಡಿ ಮಾಡಿ ಉದುರಿಸಿದಳು. ಬಚ್ಚಲ ಪಕ್ಕದಿಂದ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತು, ಸಣ್ಣಗೆ ಚೂರು ಮಾಡಿ ಹಾಕಿದಳು. ಶಿವಣ್ಣ ಚೀಟಿ ನೋಡುತ್ತ ಒಂದೊಂದಕ್ಕೂ ಟಿಕ್ ಹಾಕುತ್ತ ಬಂದ. ಕೊನೆಯಲ್ಲಿ ಒಂದೇ ಉಳಿಯಿತು.

ಶಿವಣ್ಣ: ಓರೆಗಾನೊ ಅಂತ ಅದ್ಯಾವ್ದೋ ಸೊಪ್ಪು ಬರ್ದದೆ.

ಮಾಯಮ್ಮ: ಅವನೂ ಅಂಗೇ ಏನೋ ಅಂತಿದ್ದ. ಇತ್ಲೆಲ್ಲ ಮೂಸ್ಕೊಂಡು ತಿರುಗಿ, ದೊಡ್ಡಪತ್ರೆ ಇಡ್ಕಂಡು ಕುಣ್ದ. ಅದ್ನೇ ಆಕುದ್ದೆ.

ಶಿವಣ್ಣನ ಪೆನ್ನು ನಿಂತಿತು.

ಶಿವಣ್ಣ: ಯಾರು ಕುಣುದ್ದು?

ಮಾಯಮ್ಮ: ಗ್ರೀಕು.

ಶಿವಣ್ಣ: ಅಂಗಾರೆ... ಗ್ರೀಕು ಬಂದಿದ್ದು ದಿಟ್ವಾ?

ಮಾಯಮ್ಮ: ಬಂದಿದ್ದ. ಪಾಪ, ಅಸ್ಕೊಂಡಿದ್ದ. ಮುದ್ದೆ ಇಕ್ಕುದ್ರೆ ಬಾಯಲ್ಲಿಟ್ಕಂಡು ಅರ್ದ ಗಂಟೆ ಅಗ್ದ. ಆಮ್ಯಾಕೆ ಕೈಸನ್ನೆ ಬಾಯ್ಸನ್ನೇಲಿ ಇದ್ನ ಯೋಳ್ಕೊಟ್ಟ. ನಾನೇ ಮಾಡ್ಕೊಟ್ಟೆ.

ಶಿವಣ್ಣ ಜವರಯ್ಯನ ಕಡೆ ತಿರುಗಿದ. ಜವರಯ್ಯ ಪಾದದ ಮೇಲಿನ ಮೊಟ್ಟೆಯನ್ನು ಬಹಳ ಗಮನವಿಟ್ಟು ಒರೆಸಿಕೊಳ್ಳುತ್ತಿದ್ದ.

ಶಿವಣ್ಣ: ಮತ್ಯಾಕ್ಲಾ ನಾನು ಮಾಡ್ದೆ, ನಾನು ಮಾಡ್ದೆ ಅಂತ ನಲವತ್ತು ವರ್ಸ ನನ್ ಪ್ರಾಣ ತಿಂದೆ?

ಜವರಯ್ಯ ಇನ್ನೊಂದು ಪಾದವನ್ನೂ ಒರೆಸತೊಡಗಿದ. ಮಾಯಮ್ಮನೇ ಹೇಳಿದಳು.

ಮಾಯಮ್ಮ: ಅವತ್ತು ಸನಿವಾರ ಕಣ ಸಿವಣ್ಣೋರೆ. ನಮ್ಮತ್ತೆ ತಿಮ್ಮಪ್ಪನ್ ಒಕ್ಲು. ಸನಿವಾರ ಈ ಮನೇಲಿ ಮೊಟ್ಟೆ ಅಂತ ಬಾಯಲ್ಲೂ ಅನ್ನಂಗಿರ್ಲಿಲ್ಲ. ನಾನು ಬಂದು ಮೂರು ತಿಂಗ್ಳ ಸೊಸೆ. ದೇವಸ್ಥಾನಕ್ಕೆ ಓಗಿದ್ದೋರು ಬಂದು ಇತ್ಲು ಮೂಸಿ ‘ಯಾರ್ ಮಾಡ್ದೋರು?’ ಅಂದ್ರು. ನಾನು ಬಾಗ್ಲಿಂದಕ್ ಸರ್ಕಂಡೆ. ಈವಯ್ಯ ಮುಂದಕ್ ಬಂದು ‘ನಾನೇ ಕಣವ್ವ’ ಅಂತು.

ಜವರಯ್ಯ: ಅವ್ವ ಬೀದೀಲಿ ನಿಂತ್ಕಂಡು ಬಯ್ದುಬುಡ್ತು ಕಣ್ಲಾ, ನನ್ ಮಗ ಸನಿವಾರ ಮೊಟ್ಟೆ ಬೇಯ್ಸವ್ನೆ ಅಂತ. ಊರೋರೆಲ್ಲ ಬಂದು ಎಂಗ್ ಮಾಡ್ದೆ, ಏನಾಕ್ದೆ ಅಂತ ಕೇಳೋರು. ಏನಾರ ಯೋಳ್ಬೇಕಲ್ಲ.

ಶಿವಣ್ಣ: ನಿಮ್ಮವ್ವ ಓಗಿ ಇಪ್ಪತ್ತು ವರ್ಸ ಆಯ್ತಲ್ಲೊ. ಆಮ್ಯಾಕಾದ್ರೂ ದಿಟ ಯೋಳ್ಬೋದಿತ್ತಲ್ಲ.

ಜವರಯ್ಯ: ಒಂದ್ಸಲ ‘ನಾನೇ’ ಅಂದ್ಮ್ಯಾಲೆ ನಾನೇ.

ಶಿವಣ್ಣನಿಗೆ ಟಿಕೆಟ್ ಇಲ್ಲವೆಂದು ಇಳಿಸಿದವನ ಜೇಬಿನಲ್ಲಿ ಪಾಸು ಸಿಕ್ಕಿದಂತಾಗಿತ್ತು.

ಮಾಯಮ್ಮ: ನಿಮ್ಮವ್ವುಂಗೆ ಅವತ್ತೇ ಗೊತ್ತಾಗಿತ್ತು.

ಜವರಯ್ಯ: ಏನಂದೆ?

ಮಾಯಮ್ಮ: ಬಾಂಡ್ಲಿ ತೊಳ್ದು ಬೋರ್ಲಾಕಿತ್ತಲ್ಲ. ನಿನ್ನ ಬಯ್ದು ಒಳಕ್ ಬಂದೋರು ‘ನನ್ ಮಗ ಉಂಡ್ ತಟ್ಟೆ ಎತ್ತಿಟ್ಟೋನಲ್ಲ, ಬಾಂಡ್ಲಿ ತೊಳ್ದಾನೇನೆ?’ ಅಂದ್ರು. ನಾನು ಅಳಕ್ ಶುರು ಮಾಡ್ದೆ. ‘ಸುಮ್ಕಿರು, ಎಡ್ತಿಗೋಸ್ಕರ ಯೋಳ್ತಾವ್ನೆ, ಯೋಳ್ಕಳ್ಲಿ’ ಅಂದ್ರು. ಸೋಮವಾರ ನೀನು ಕೆಲ್ಸಕ್ ಓದ್ಮ್ಯಾಲೆ ಅವ್ರೇ ಎರಡು ಮೊಟ್ಟೆ ತಂದ್ಕೊಟ್ಟು ‘ಅದೇನ್ ಮಾಡ್ದೆ ತೋರ್ಸು’ ಅಂದ್ರು.

ಜವರಯ್ಯ: ತಿಂತಾ?

ಮಾಯಮ್ಮ: ಉಪ್ಪು ಕಮ್ಮಿ ಅಂದ್ರು.

ಜವರಯ್ಯ ಕಲ್ಲಿನ ಮೇಲೆ ಕುಳಿತ. ಆಮೇಲೆ ಮುಖ ಅರಳಿತು.

ಜವರಯ್ಯ: ಅಂಗಾರೆ ಕತೆ ಇನ್ನೂ ಚೆಂದಾಯ್ತಲ್ಲೊ ಸಿವಣ್ಣ! ನಾಳೆ ಚಿಕ್ಕಮಾದು ಅಂಗ್ಡೀಲಿ ಅವ್ವನೂ ಸೇರ್ಸಿ ಯೋಳುದ್ರೆ...

ಶಿವಣ್ಣ: ನೀನು ಯೋಳಂಗಿಲ್ಲ. ಪಂತ ಸೋತಿದ್ದೀಯೆ.

ಜವರಯ್ಯ: ಕತೆ ದಿಟ ಅಂತ ಗೊತ್ತಾಯ್ತಲ್ಲೊ!

ಶಿವಣ್ಣ: ಕತೆ ದಿಟ. ನೀನು ಸುಳ್ಳು. ಮೊಟ್ಟೆ ಬೇಯ್ಸಕ್ ಬರ್ಲಿಲ್ಲ, ಬಾಯ್ ಬಿಡಂಗಿಲ್ಲ. ಪಂತ ಅಂದ್ರೆ ಪಂತ.

ಜವರಯ್ಯ: ಮತ್ತೆ ಇಂತಾ ಕತೇನ ಸುಮ್ನೆ ಬುಟ್ಬುಡದಾ? ಯಾರಾದ್ರೂ ಯೋಳ್ಬೇಕಲ್ಲ?

ಶಿವಣ್ಣ ಚೀಟಿಯನ್ನು ಮಡಿಸಿ ಜೇಬಿಗಿಟ್ಟ. ಗಂಟಲು ಸರಿಮಾಡಿಕೊಂಡ. ಬೆನ್ನು ನೆಟ್ಟಗಾಯಿತು.

ಶಿವಣ್ಣ: ಇನ್ನೇನ್ ಮಾಡದು, ನಾನೇ ಯೋಳ್ಬೇಕು. ಒಂದು ಸನಿವಾರ... ಗ್ರೀಸ್ ದೇಸದಿಂದ ಒಬ್ಬ ಇಂಜಿನೀರು ಬಂದ. ಆಳು ಏಳಡಿ.

ಮಾಯಮ್ಮ: ಏಳಡಿ ಎಲ್ಲಿದ್ದ? ನನ್ ಬುಜುಕ್ ಬತ್ತಿದ್ದ.

ಶಿವಣ್ಣ: ಕುಂತಾಗ ಕಣಕ್ಕ. ಎದ್ ನಿಂತ್ರೆ ಏಳಡಿ. ಬಸ್ಸಲ್ಲಿ ಅವನ್ಗೆ ಎರಡು ಟಿಕೆಟ್ ಅರ‍್ದಿದ್ದು ನಾನೇ...

ಜವರಯ್ಯ: ಸುಳ್ಳು.

ಶಿವಣ್ಣ: ಬಾಯ್ ಬಿಡಂಗಿಲ್ಲ ಅಂದ್ನಲ್ಲ!

ಮಾಯಮ್ಮ ಎರಡು ತಟ್ಟೆಗೆ ಬಡಿಸಿ, ಪಕ್ಕದಲ್ಲಿ ಒಂದೊಂದು ರಾಗಿ ರೊಟ್ಟಿ ಇಟ್ಟಳು.

ಮಾಯಮ್ಮ: ಬನ್ನಿ ಉಣ್ಣಿ, ಆರೋಯ್ತದೆ. ಸುಳ್ಳನ್ನಾದ್ರೆ ನಾಳೆ ಬಿಸಿ ಮಾಡ್ಕಬೋದು, ಮೊಟ್ಟೆ ಆಗಾಕಿಲ್ಲ.