ಮುಖ ನೋಡದೆ ಮುದ್ದೆ

ಮುಖ ನೋಡಿ ಮಣೆ ಹಾಕುವ ಈ ಸಮಾಜದಲ್ಲಿ ಮುಖ ನೋಡದೆ ಮುದ್ದೆ ಹಾಕುವ ಒಬ್ಬಳೇ ಒಬ್ಬಳು ಹೆಂಗಸಿದ್ದರೆ ಅವಳು ನನ್ನ ಸೋದರತ್ತೆ. ಇದನ್ನು ಹೊಗಳಿಕೆಯೆಂದು ತಿಳಿಯಬೇಡಿ, ಇದು ದೂರು! ನನಗೆ ಬುದ್ಧಿ ಬಂದಾಗಿನಿಂದ ಅವಳು ಹಬ್ಬದ ಲಂಗವಾಗಲಿ, ಒಂದು ಲೋಟ ಕಾಫಿಯಾಗಲಿ, ಕೊನೆಗೆ ಬುದ್ಧಿಮಾತಾಗಲಿ, ಯಾವುದನ್ನೂ ನನ್ನ ಮುಖ ನೋಡಿ ಕೊಟ್ಟವಳಲ್ಲ. ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿರುತ್ತದೆ. ಕಾಫಿ ನನ್ನ ಕೈಯಲ್ಲಿರುತ್ತದೆ.

ಕಾರಣ ಅವಳ ಉದ್ಯೋಗ. ಅತ್ತೆ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ಸರ್ಕಾರಿ ಇಲಾಖೆಯೊಂದು ಆಟಕ್ಕೆಂದೇ ಅವಳಿಗೆ ಕೆಲಸ ಕೊಟ್ಟು, ಹದಿನೈದು ವರ್ಷ ತನ್ನ ತಂಡದಲ್ಲಿ ಪಾಯಿಂಟ್ ಗಾರ್ಡ್ ಆಗಿ ಆಡಿಸಿತ್ತು. ಚೆಂಡನ್ನು ಅಂಕಣದ ಈ ತುದಿಯಿಂದ ಆ ತುದಿಗೆ ತಂದು, ಯಾರ ಕೈಗಿಟ್ಟರೆ ಅದು ಬುಟ್ಟಿಗೆ ಬೀಳುತ್ತದೆಂದು ತೀರ್ಮಾನಿಸುವವಳೇ ಪಾಯಿಂಟ್ ಗಾರ್ಡ್. ಯಾರಿಗೆ ಕೊಡಬೇಕೋ ಅವರ ಕಡೆ ನೋಡಿದರೆ ಎದುರಾಳಿ ನಡುವೆ ಕೈಹಾಕಿ ಕಿತ್ತುಕೊಳ್ಳುತ್ತಾಳೆ. ಆದ್ದರಿಂದ ಎಡಕ್ಕೆ ನೋಡಬೇಕು, ಬಲಕ್ಕೆ ಕೊಡಬೇಕು. ಅಂಕಣದಲ್ಲಿ ಇದು ಕಲೆ. ಆದರೆ ಅರಕಲಗೂಡಿನ ಬೀಗರ ಊಟದಲ್ಲಿ?

ಅಲ್ಲಿ ಬಡಿಸಲು ನಿಂತ ಅತ್ತೆ, ಸಾಲಿನ ಮೊದಲಲ್ಲಿ ಎರಡು ಮುದ್ದೆ ಮುಗಿಸಿ ಮೂರನೆಯದಕ್ಕೆ ಕೈಯೊಡ್ಡಿದ ಗಂಡಿನ ದೊಡ್ಡಪ್ಪನನ್ನೇ ದಿಟ್ಟಿಸಿ ನೋಡಿ, ಮುದ್ದೆಯನ್ನು ಅವರಿಂದಾಚೆ ಮೂರನೆಯ ಎಲೆಯಲ್ಲಿ ಕುಳಿತಿದ್ದ ಡ್ರೈವರನಿಗೆ ಎಸೆದಳು. ಸಾರು ಎಗರಿ ದೊಡ್ಡಪ್ಪನ ಬಿಳಿ ಅಂಗಿಯ ಮೇಲೆ ಬಿತ್ತು.

"ಯಾಕ್ರವ್ವ, ನನ್ ನೋಡ್ಕಂಡು ಅವನಿಗ್ ಆಕ್ತೀರಿ?"

"ನಿಮ್ ಸುತ್ತ ಉಪಚಾರಕ್ಕೆ ನಾಕ್ ಜನ ಅವ್ರೆ ಬೀಗರೆ. ಆ ಯಪ್ಪ ಖಾಲಿ ಇದ್ದ. ಖಾಲಿ ಇರೋರಿಗೆ ಕೊಡ್ಬೇಕು!"

ಗಣ್ಯರಿಗೆ ಮೊದಲು, ದುಡಿಯುವವರಿಗೆ ಕೊನೆಗೆ ಎನ್ನುವ ಪಂಕ್ತಿಯ ಅನ್ಯಾಯವನ್ನು ಕುರಿತು ನಾನು ಎಷ್ಟು ಲೇಖನ ಬರೆದಿಲ್ಲ! ಯಾವುದರಿಂದಲೂ ಒಂದು ಎಲೆಯೂ ಅತ್ತಿತ್ತ ಸರಿದಿರಲಿಲ್ಲ. ಅತ್ತೆ ಒಂದೇ ಮುದ್ದೆಯಲ್ಲಿ ಸಾಧಿಸಿಬಿಟ್ಟಳು. ಬೀಗತನ ಉಳಿದದ್ದು ಮಾತ್ರ ಮಾವನ ಕ್ಷಮಾಪಣೆಯಿಂದ. ಮಾವನೆಂದರೆ ಅತ್ತೆಯ ಗಂಡ. ಮದುವೆಯಾದಾಗಿನಿಂದ ಕ್ಷಮೆ ಕೇಳುವುದು ಅವರ ಎರಡನೆಯ ಉದ್ಯೋಗ.

ಕೊಣನೂರಿನ ಶಾಲೆಯೊಂದು ಕ್ರೀಡಾದಿನಕ್ಕೆ ಅವಳನ್ನು ಕರೆದು, 'ಪ್ರಖ್ಯಾತ ಪಾಯಿಂಟ್ ಗಾರ್ಡ್' ಎಂದು ಬ್ಯಾನರು ಕಟ್ಟಿತ್ತು. ಭಾಷಣ ಮುಗಿಯುವುದನ್ನೇ ಕಾಯುತ್ತಿದ್ದ ರೈತರೊಬ್ಬರು ನೇರ ವೇದಿಕೆಗೆ ಬಂದರು.

"ತಾಯಿ, ಅಂದಿ ನುಗ್ಗಿ ಆಲೂಗೆಡ್ಡೆ ಎಲ್ಲಾ ಬಗೆದಾಕ್ಬುಟ್ಟವೆ. ನೀವ್ ಒಂದ್ಸಲ ಬಂದ್ ನೋಡ್ಬೇಕು."

"ನಾನ್ ಫಾರೆಸ್ಟ್ ಗಾರ್ಡ್ ಅಲ್ಲ ಕಣಣ್ಣ. ಚೆಂಡ್ ಕಾಯೋ ಗಾರ್ಡು."

"ಚೆಂಡೂವಿನ್ ಗಿಡವಾ? ಅದ್ನ ಅಂದಿ ಮುಟ್ಟಾಕಿಲ್ವಲ್ಲ! ಅದ್ಕೊಬ್ರು ಗಾರ್ಡ್ ಮಡಗವ್ರೆ, ನಮ್ ಗೆಡ್ಡೆಗಿಲ್ಲ!"

ಸಭೆ ನಕ್ಕಿತು. ನಾನು ನಗಲಿಲ್ಲ. ಆ ಪ್ರಶ್ನೆಯಲ್ಲಿ ನ್ಯಾಯವಿತ್ತು. ಅದೇ ವಾರ ಅರಣ್ಯ ಕಚೇರಿಗೆ ಮನವಿ ಬರೆದೆ. ಉತ್ತರ ಬಂದಿಲ್ಲ. ಹಂದಿಗಳು ಮಾತ್ರ ಬರುತ್ತಿವೆಯಂತೆ.

ಅತ್ತೆಗೆ ಮೂವತ್ತಾರು ತುಂಬಿದ ವರ್ಷ 'ಇದೇ ನನ್ನ ಕೊನೆಯ ಸೀಸನ್' ಎಂದು ಘೋಷಿಸಿದಳು. ಹೊಳೆನರಸೀಪುರದ ಅಭಿಮಾನಿಗಳು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟರು. ಎರಡೇ ತಿಂಗಳಲ್ಲಿ ಮತ್ತೆ ಅಂಕಣದಲ್ಲಿದ್ದಳು. ಮರುವರ್ಷವೂ ಘೋಷಣೆ, ಮರುವರ್ಷವೂ ಶಾಲು. ಮೂರನೆಯ ವರ್ಷ ಸಂಘಟಕರು ಫೋನಿನಲ್ಲಿ ಮೆಲ್ಲಗೆ ಕೇಳಿದರು: "ಮೇಡಂ, ಈ ಸಲ ನಿಜ್ವಾಗ್ಲೂ ಬುಡ್ತೀರಾ? ಇಲ್ಲಾಂದ್ರೆ ಓದ್ಸಲದ್ ಶಾಲೇ ತಂದ್ಬುಡಿ." ಅತ್ತೆ ಇಸ್ತ್ರಿ ಮಾಡಿಸಿಕೊಂಡು ಹೋದಳು! ಹಳೆಯ ಶಾಲನ್ನೇ ಹೊದಿಸಿ, ಹೊಸ ಭಾಷಣ ಮಾಡಿದರು.

ನಿಲ್ಲಿಸಬೇಕೆಂದು ಅವಳಿಗನ್ನಿಸಿರಲಿಲ್ಲ; ನಿಲ್ಲಿಸಬೇಕೆಂದು ಉಳಿದವರಿಗೆಲ್ಲ ಅನ್ನಿಸಿತ್ತು. ಮೂವತ್ತೆಂಟರಲ್ಲಿ ಇಲಾಖೆ ಅವಳನ್ನು ತಂಡದ ಮ್ಯಾನೇಜರ್ ಮಾಡಿತು. ಕೇಳಲು ಬಡ್ತಿ, ಮಾಡಲು ನೀರಿನ ಬಾಟಲಿ ತುಂಬುವ ಕೆಲಸ. ಅತ್ತೆ ಹಾಸನದ ಕಚೇರಿಗೆ ವರ್ಗ ಮಾಡಿಸಿಕೊಂಡು, ಅಲ್ಲಿನ ಮಹಿಳಾ ಕ್ಲಬ್ಬಿನ ಪರ ಆಡತೊಡಗಿದಳು. ಆ ಕ್ಲಬ್ಬಿನ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಕೋಣೆಯಿರಲಿಲ್ಲ. ಗಂಡಸರು ಆಡಿ ದಣಿದ ಮೇಲೆಯೇ ಅಂಕಣ ಸಿಗುತ್ತಿತ್ತು. ನಲವತ್ತರ ಅತ್ತೆ ಪಂದ್ಯವೊಂದನ್ನು ಗೆಲ್ಲಿಸಿಕೊಟ್ಟಾಗ ಸ್ಥಳೀಯ ಪತ್ರಿಕೆ 'ಗೃಹಿಣಿಯ ಗೆಲುವು' ಎಂದು ಬರೆಯಿತು. ಅದೇ ಪುಟದಲ್ಲಿ ಗೆದ್ದಿದ್ದ ಪುರುಷರ ನಾಯಕನಿಗೆ ಮೂವರು ಮಕ್ಕಳು. 'ಮೂರು ಮಕ್ಕಳ ತಂದೆಯ ಸಾಧನೆ' ಎಂದೇಕೆ ಬರೆಯಲಿಲ್ಲವೆಂದು ಸಂಪಾದಕರಿಗೆ ಎರಡು ಪುಟದ ಪತ್ರ ಬರೆದು ಅತ್ತೆಗೆ ಓದಿ ಹೇಳಿದೆ.

ಅತ್ತೆ ಕಿಟಕಿಯತ್ತ ನೋಡುತ್ತ ನನ್ನ ಕೈಗೆ ಚಕ್ಕುಲಿ ಇಟ್ಟಳು. "ಸ್ಕೋರ್ ಸರಿಯಾಗ್ ಹಾಕವ್ರಾ ನೋಡಮ್ಮಿ, ಸಾಕು."

ಈ ವರ್ಷ ಅವಳಿಗೆ ನಲವತ್ತೆರಡು. ಬಲ ಮೊಣಕಾಲು ಮೆಟ್ಟಿಲು ಇಳಿಯುವಾಗ ಹಳೆಯ ಬಾಗಿಲಿನಂತೆ ಸದ್ದು ಮಾಡುತ್ತದೆ. ಕ್ಲಬ್ಬಿನ ಸಮಿತಿ ನಿರ್ಣಯಿಸಿತು: ಫೈನಲ್ ಗೆದ್ದರೆ ಇನ್ನೊಂದು ಸೀಸನ್, ಸೋತರೆ ಇಲ್ಲಿಯೂ ಬಾಟಲಿ. ವಯಸ್ಸಿನ ಹೆಸರಿನಲ್ಲಿ ನಡೆದ ಈ ತಾರತಮ್ಯವನ್ನು ಖಂಡಿಸಿ ನಾನು ಹಾಸನದ ಬಸ್ ನಿಲ್ದಾಣದಲ್ಲೂ ಗೊರೂರಿನ ಬಸ್ಸಿನೊಳಗೂ ಮೂರು ಹಾಳೆ ತುಂಬ ಸಹಿ ಸಂಗ್ರಹಿಸಿದೆ. ಕೆಲವರು ಹಂದಿಯ ಕಾಟಕ್ಕೆಂದು ತಿಳಿದು ಸಹಿ ಮಾಡಿದರು. ಇರಲಿ, ಸಹಿ ಸಹಿಯೇ.

ಫೈನಲಿನಲ್ಲಿ ಎದುರಾಳಿ ಬೇರೆ ಯಾರೂ ಅಲ್ಲ, ಅತ್ತೆಯ ಹಳೆಯ ಇಲಾಖೆಯ ತಂಡವೇ! ಅತ್ತೆಯ ಕಡೆ ಚನ್ನರಾಯಪಟ್ಟಣದ ಹತ್ತೊಂಬತ್ತರ ಹುಡುಗಿಯೊಬ್ಬಳಿದ್ದಳು. ಅತ್ತೆಯೇ ನಾಲ್ಕು ವರ್ಷ ತಿದ್ದಿ ಬೆಳೆಸಿದವಳು, ಗಾಳಿಯಂತೆ ಓಡುವವಳು. ಆಟ ಮುಗಿಯಲು ಕೆಲವೇ ಸೆಕೆಂಡುಗಳು. ನಾವು ಒಂದು ಅಂಕ ಹಿಂದೆ. ಚೆಂಡು ಅತ್ತೆಯ ಕೈಯಲ್ಲಿ. ಅವಳು ಎಡಗಡೆ ನಿಂತಿದ್ದ ಎತ್ತರದ ಹುಡುಗಿಯನ್ನು ನೋಡಿದಳು. ಅಡ್ಡಗಟ್ಟಿದ್ದ ಇಬ್ಬರು ಎದುರಾಳಿಗಳೂ ಅತ್ತ ಓಡಿದರು. ಚೆಂಡು ಬಲಮೂಲೆಗೆ ಹಾರಿತು.

ಬಲಮೂಲೆಯಲ್ಲಿ ಯಾರೂ ಇರಲಿಲ್ಲ!

ಅಲ್ಲಿರಬೇಕಾಗಿದ್ದ ಚನ್ನರಾಯಪಟ್ಟಣದ ಹುಡುಗಿ ಆಗಲೇ ಬುಟ್ಟಿಯ ಕೆಳಗೆ ತಲುಪಿ ಕೈಯೆತ್ತಿ ನಿಂತಿದ್ದಳು. ಚೆಂಡು ಖಾಲಿ ಮೂಲೆಯನ್ನು ದಾಟಿ, ಮುಖ್ಯ ಅತಿಥಿಗಳ ಮಡಿಲಿನ ಹೂಗುಚ್ಛದ ಮೇಲೆ ಬಿತ್ತು. ಅವರು ಅದನ್ನೂ ಸನ್ಮಾನವೆಂದೇ ಭಾವಿಸಿ ಎದ್ದು ಕೈಮುಗಿದರು. ಆಟ ಮುಗಿದ ಸೀಟಿ ಕೂಗಿತು.

ನಾನು ಸಹಿಯ ಹಾಳೆಗಳನ್ನು ಹಿಡಿದು ಅಂಕಣಕ್ಕೇ ನುಗ್ಗಿದೆ. ಆ ಮೂಲೆಯ ದೀಪ ಕೆಟ್ಟಿತ್ತು, ನೆಲ ಜಾರುತ್ತಿತ್ತು, ರೆಫರಿ ಅದಕ್ಕೂ ಮೊದಲಿನ ಫೌಲನ್ನು ಕಂಡೂ ಕಾಣದಂತಿದ್ದ. ಎಲ್ಲವನ್ನೂ ಒಂದೊಂದಾಗಿ ಹೇಳಿದೆ.

ಅತ್ತೆ ನೆಲದ ಮೇಲೆ ಕುಳಿತು ಬೂಟಿನ ದಾರ ಬಿಚ್ಚುತ್ತಿದ್ದಳು. "ಸುಮ್ಕಿರಮ್ಮಿ. ಯಾರ್ ತಪ್ಪೂ ಇಲ್ಲ. ಅವಳು ನನ್ಗಿಂತ ಮುಂಚೆ ಓಗಿದ್ಲು, ಅಷ್ಟೇಯ."

"ಹೇಳದೆ ಹೋಗಬಹುದಾ ಅತ್ತೆ?"

"ಏಳ್ಬುಟ್ ಓಗಾಕೆ ಅದೇನ್ ತವರ್ಮನೆಯಾ? ಓಗ್ಬೇಕಾದ್ದೇ ಅಂಗೆ. ನಾನೇ ಕಲಿಸಿದ್ದು."

ಅಳುತ್ತ ನಿಂತಿದ್ದ ಆ ಹುಡುಗಿಯ ಕಡೆ ನೋಡದೆಯೇ ಅತ್ತೆ ತನ್ನ ಮೊಣಕಾಲಿನ ಪಟ್ಟಿಯನ್ನು ಕಳಚಿ ಅವಳತ್ತ ಎಸೆದಳು. ಅದು ಸರಿಯಾಗಿ ಅವಳ ಕೈಗೇ ಬಿತ್ತು. ನಾನು ಹಾಳೆಗಳನ್ನು ಮಡಿಸಿ ಚೀಲದಲ್ಲಿಟ್ಟೆ. ಬದುಕಿನಲ್ಲಿ ಮೊದಲ ಸಲ, ದೂರಲು ನನ್ನ ಬಳಿ ಒಂದು ಅನ್ಯಾಯವೂ ಇರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಹೊಳೆನರಸೀಪುರದ ಅವಳ ಮನೆಯಲ್ಲಿ ಮಾವನೂ ನಾನೂ ಊಟಕ್ಕೆ ಕುಳಿತಿದ್ದೆವು. ಅತ್ತೆ ಮುದ್ದೆ ಕಟ್ಟಿ ತಂದು, ನನ್ನೆದುರು ಬಗ್ಗಿ, ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ತಟ್ಟೆಯಲ್ಲಿಟ್ಟಳು. ಅವಳ ಎಡಹುಬ್ಬಿನ ಕೆಳಗೆ ಹಳೆಯ ಗಾಯದ ಗುರುತೊಂದಿದೆಯೆಂದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ.

"ಏನತ್ತೆ ಇದು, ನೋಡ್ಕೊಂಡು ಕೊಡ್ತಿದೀಯ!"

"ಇನ್ಯಾರವ್ರೆ ಮಗ, ಮಧ್ಯ ಬಂದು ಕಿತ್ಕಳಾಕೆ?"

ಇಷ್ಟು ವರ್ಷ ನಾನು ಬೇಡಿದ್ದು ಅದೇ ನೋಟವನ್ನಲ್ಲವೇ? ಅದು ಸಿಕ್ಕಿತ್ತು, ಆದರೆ ಈಗ ನನಗದು ಬೇಡವಾಗಿತ್ತು. ನಾನು ಮುದ್ದೆಯನ್ನು ಎತ್ತಿ ಅವಳ ಕೈಗೇ ಮರಳಿಸಿ, ಎದ್ದು, ಮಾವನಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತೆ.

"ನಾನಿದೀನಿ. ಕೊಡು ನೋಡೋಣ ಮಾವಂಗೆ!"

"ಲೇ, ಸಾರು ಚೆಲ್ತದೆ, ಕೂತ್ಕಳ್ರೇ," ಎಂದರು ಮಾವ.

ಅತ್ತೆ ಮುದ್ದೆಯನ್ನು ಕೈಯಲ್ಲಿ ಒಮ್ಮೆ ತೂಗಿದಳು. ಆಮೇಲೆ ಅವಳ ಕಣ್ಣು ಮೆಲ್ಲಗೆ ನನ್ನ ಮುಖವನ್ನು ಬಿಟ್ಟು ಗೋಡೆಯ ಕ್ಯಾಲೆಂಡರಿನತ್ತ ಸರಿಯಿತು. ದಡ್ಡಿ ನಾನು, ನಾನೂ ಅತ್ತ ನೋಡಿದೆ.

ತಿರುಗುವಷ್ಟರಲ್ಲಿ ಮುದ್ದೆ ಮಾವನ ಖಾಲಿ ತಟ್ಟೆಯಲ್ಲಿತ್ತು.