ಕಾಯಿಲೆ ಬಿದ್ದವರು ಎದ್ದು ನಿಲ್ಲುವ ಬಗ್ಗೆ

ಇಲಾಖೆ
(ಇಲಾಖೆಯ ಹೆಸರಿನ ಬೋರ್ಡು ಬರೆಸುವ ಟೆಂಡರು ಇತ್ಯರ್ಥವಾಗದ ಕಾರಣ ಸದ್ಯಕ್ಕೆ ಇಷ್ಟೇ)
ಕಾರ್ಮಿಕರ ಕಾಯಿಲೆ ಶಾಖೆ, ಪಶ್ಚಿಮ ವಿಭಾಗ, ರಾಜಾಜಿನಗರ, ಬೆಂಗಳೂರು

ಸಂಖ್ಯೆ: ಕಾ.ಕಾ./ಪಶ್ಚಿಮ/ಚಾಪೆ-1/58-59
ದಿನಾಂಕ: 1959ನೇ ಇಸವಿ ಫೆಬ್ರವರಿ 11

ಸುತ್ತೋಲೆ

ವಿಷಯ: ವಿಮಾದಾರ ಕಾರ್ಮಿಕರು ಕಾಯಿಲೆಯ ಅವಧಿಯಲ್ಲಿ ಮಲಗಿರುವುದು ಮತ್ತು ತನಿಖೆಗೆ ಬಂದ ಅಧಿಕಾರಿಯನ್ನು ಕಂಡು ಎದ್ದು ನಿಲ್ಲುವುದು – ಸೂಚನೆಗಳನ್ನು ಹೊರಡಿಸುವ ಕುರಿತು.

ಓದಲಾಗಿದೆ:
(1) ಇನ್ಸ್‌ಪೆಕ್ಟರ್ ಶ್ರೀ ಸೇತುರಾಮ ಅವರ ಸ್ಥಳ ತನಿಖಾ ವರದಿ.
(2) ಕೇತಮಾರನಹಳ್ಳಿ ವಾಸಿ ಅಂಜಮ್ಮ ಎಂಬಾಕೆ ಈ ಕಚೇರಿಯ ಬಾಗಿಲಲ್ಲಿ ನಿಂತು ಬಾಯಲ್ಲಿ ಹೇಳಿಕೊಂಡ ಅಹವಾಲು (ಕೇಳಲಾಗಿದೆ, ಓದಲಾಗಿಲ್ಲ).
(3) ಇದೇ ವಿಷಯದ ಬಗ್ಗೆ ಹಿಂದಿನ ಸುತ್ತೋಲೆ (ಸಿಕ್ಕಿಲ್ಲ).

ಪೀಠಿಕೆ:

ಕಾರ್ಖಾನೆಗಳಲ್ಲಿ ದುಡಿಯುವವರು ಕಾಯಿಲೆ ಬಿದ್ದರೆ ಮನೆಯಲ್ಲಿ ಮಲಗಿ ಗುಣವಾಗಲಿ, ಅಷ್ಟು ದಿನ ಕೂಲಿಯ ಬದಲಿಗೆ ಭತ್ಯ ಸಿಗಲಿ ಎಂಬ ಸದುದ್ದೇಶದಿಂದ ವಿಮಾ ಕಾಯಿದೆಯು ಈ ನಗರದಲ್ಲಿ ಈಚೆಗೆ ಜಾರಿಗೆ ಬಂದಿರುತ್ತದೆ. ಕಾರ್ಮಿಕರ ಸಂಬಳದಿಂದ ವಂತಿಗೆ ಮುರಿದುಕೊಳ್ಳುವ ಭಾಗವು ಯಾವ ತೊಡಕೂ ಇಲ್ಲದೆ ಸುಸೂತ್ರವಾಗಿ ನಡೆಯುತ್ತಿರುವುದು ಇಲಾಖೆಗೆ ಸಂತೋಷದ ಸಂಗತಿ. ಆದರೆ ಕಾಯಿಲೆ ಬೀಳುವ ಭಾಗದಲ್ಲಿ ಕಾರ್ಮಿಕರ ಕಡೆಯಿಂದ ಶಿಸ್ತು ಎಂಬುದೇ ಕಂಡುಬಂದಿಲ್ಲ. ಹೇಗೆಂದರೆ ಹಾಗೆ, ಎಲ್ಲೆಂದರಲ್ಲಿ, ಮನಸ್ಸಿಗೆ ಬಂದ ಹೊತ್ತಿನಲ್ಲಿ ಕಾಯಿಲೆ ಬೀಳುತ್ತಿದ್ದಾರೆ.

ಇದಕ್ಕೆ ನಿದರ್ಶನವಾಗಿ ಬೈರಯ್ಯ ಎಂಬವನ ಪ್ರಕರಣವನ್ನು ಎಲ್ಲರ ತಿಳಿವಳಿಕೆಗಾಗಿ ಕೆಳಗೆ ಕೊಡಲಾಗಿದೆ. ಸದರಿಯವನು ಮಾಗಡಿ ರಸ್ತೆಯ ಕಡೆಯ ನೂಲಿನ ಮಿಲ್ಲೊಂದರಲ್ಲಿ ಹತ್ತಿ ಹಿಂಜುವ ವಿಭಾಗದ ಕೂಲಿ. ಕೇತಮಾರನಹಳ್ಳಿಯ ವಠಾರದಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ಹೆಂಡತಿ ಅಂಜಮ್ಮ ಮತ್ತು ತಮ್ಮ ಚಿಕ್ಕಹನುಮಯ್ಯನೊಂದಿಗೆ ವಾಸ. ಈತನಿಗೆ ಕೆಮ್ಮು ಮತ್ತು ಬಿಟ್ಟೂ ಬಿಡದ ಜ್ವರ ಇದ್ದು, ಮನೆಯಲ್ಲಿ ಮಲಗಿರತಕ್ಕದ್ದೆಂದು ವಿಮಾ ಡಾಕ್ಟರು ಬರೆದುಕೊಟ್ಟಿರುತ್ತಾರೆ. ಭತ್ಯ ಮಂಜೂರಾಗಿರುತ್ತದೆ. ಮಂಜೂರಾದ ಮೇಲೆ ಅವನು ನಿಜವಾಗಿಯೂ ಮಲಗಿದ್ದಾನೆಯೇ ಎಂದು ನೋಡಿ ಬರಲು ಇನ್ಸ್‌ಪೆಕ್ಟರ್ ಸೇತುರಾಮ ಅವರನ್ನು ಬೈಸಿಕಲ್ಲಿನ ಮೇಲೆ ಕಳುಹಿಸಲಾಯಿತು.

ಇನ್ಸ್‌ಪೆಕ್ಟರು ಹಾಡುಹಗಲಲ್ಲಿ ಸ್ಥಳ ತಲುಪಿದಾಗ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಬಡಕಲು ಆಸಾಮಿಯೊಬ್ಬ ಗೋಡೆ ಹಿಡಿದುಕೊಂಡು ಎದ್ದು ನಿಂತು ಕೈಮುಗಿದನು. ಇವನೇ ಬೈರಯ್ಯ. ಒಳಗೆ ಇಣುಕಿ ನೋಡಲಾಗಿ, ಚಾಪೆಯ ಮೇಲೆ ಗಟ್ಟಿಮುಟ್ಟಾದ ಇನ್ನೊಬ್ಬನು ಗೊರಕೆ ಹೊಡೆಯುತ್ತಿದ್ದನು. ಇವನು ಚಿಕ್ಕಹನುಮಯ್ಯ. ಇವನಿಗೆ ಯಾವ ಕಾಯಿಲೆಯೂ ಇಲ್ಲದಿರುವುದು ವಿಚಾರಣೆಯಿಂದ ದೃಢಪಟ್ಟಿದೆ. ಅಂಜಮ್ಮನು ಕೊಟ್ಟ ಸಮಜಾಯಿಷಿಯನ್ನು ಇನ್ಸ್‌ಪೆಕ್ಟರು ಇದ್ದಂತೆಯೇ ಬರೆದುಕೊಂಡಿರುತ್ತಾರೆ: "ಅವ್ನು ನನ್ ಮೈದ್ನ ಸ್ವಾಮಿ. ರಾತ್ರಿ ಪಾಳಿ ಮುಗಿಸ್ಕೊಂಡು ಬಂದವ್ನೆ. ಮನೇಲಿರೋದು ಒಂದೇ ಚಾಪೆ. ಹಗಲೊತ್ತು ಅವ್ನು ಮಲಗ್ತಾನೆ, ರಾತ್ರಿ ಇವ್ರು ಮಲಗ್ತಾರೆ. ನಾನು ಒಲೆ ಪಕ್ಕ ಸೆರಗು ಹಾಸ್ಕೊಂತೀನಿ. ಇವ್ರಿಗೆ ಜ್ವರ ಬಂತು ಅಂತ, ದುಡಿದು ಬಂದವನ್ನ ಎಬ್ಬಿಸಿ ಆಚೆ ಹಾಕಕ್ಕಾಯ್ತದಾ?"

ಸೆರಗಿನ ವಿಷಯವು ಈ ಕಡತಕ್ಕೆ ಸಂಬಂಧಿಸಿದ್ದಲ್ಲ. ಉಳಿದಂತೆ, ಮನೆಯಲ್ಲಿ ಮಲಗಬೇಕಾದವನು ಕೂತಿದ್ದನೆಂದೂ, ಕೂರಬಲ್ಲವನು ಮಲಗಿದ್ದನೆಂದೂ, ಕೂತವನು ಎದ್ದೂ ನಿಂತನೆಂದೂ ಸಾಬೀತಾದ ಕಾರಣ ಬೈರಯ್ಯನ ಭತ್ಯವನ್ನು ಕೂಡಲೇ ನಿಲ್ಲಿಸಲಾಯಿತು. ಇಂಥ ಗೊಂದಲ ಮರುಕಳಿಸದಂತೆ ಸಮಸ್ತ ವಿಮಾದಾರರಿಗೂ ಸಿಬ್ಬಂದಿಗೂ ಈ ಕೆಳಕಂಡಂತೆ ಕಟ್ಟಪ್ಪಣೆ ಮಾಡಲಾಗಿದೆ.

1. ಮಲಗುವುದು ಎಂದರೆ ಬೆನ್ನು, ತಲೆಯ ಹಿಂಭಾಗ ಮತ್ತು ಎರಡೂ ಹಿಮ್ಮಡಿಗಳು ಏಕಕಾಲಕ್ಕೆ ನೆಲಕ್ಕೆ ತಾಗಿರುವುದು. ಮಗ್ಗುಲಾಗಿ ಮಲಗಿದವನಿಗೆ ಅರ್ಧ ಕಾಯಿಲೆ ಎಂದು ಪರಿಗಣಿಸತಕ್ಕದ್ದು. ಬೋರಲು ಮಲಗುವವರು ಮುಂಚಿತವಾಗಿ ಅಪ್ಪಣೆ ಪಡೆದಿರಬೇಕು, ಏಕೆಂದರೆ ಮುಖ ಕಾಣದೆ ಗುರುತು ಹಿಡಿಯುವುದು ಇನ್ಸ್‌ಪೆಕ್ಟರಿಗೆ ಕಷ್ಟವಾಗುತ್ತದೆ. ಕಚೇರಿಯ ವೇಳೆ ಮುಗಿದ ಮೇಲೆ ಕಾರ್ಮಿಕನು ಹೇಗೆ ಮಲಗುತ್ತಾನೆ ಎಂಬುದರಲ್ಲಿ ಇಲಾಖೆಗೆ ಆಸಕ್ತಿ ಇರುವುದಿಲ್ಲ. ಭಾನುವಾರ ಮತ್ತು ಆಯುಧಪೂಜೆಯಂದು ಕಚೇರಿಗೆ ರಜೆ ಇರುವುದರಿಂದ ಅಂದು ಕಾಯಿಲೆಯನ್ನು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ.

2. ಇನ್ಸ್‌ಪೆಕ್ಟರ ಬೈಸಿಕಲ್ ಗಂಟೆ ಕೇಳಿದ ಮೇಲೆ ಶುರುವಾದ ಕೆಮ್ಮು ನಟನೆ. ಗಂಟೆ ಕೇಳಿ ನಿಂತ ಕೆಮ್ಮು ಗುಣವಾದ ಕೆಮ್ಮು. ಮೊದಲಿನಿಂದಲೂ ಇದ್ದು ಗಂಟೆಯ ನಂತರವೂ ನಿಲ್ಲದ ಕೆಮ್ಮು ಅಧಿಕಾರಿಯ ಮಾತಿಗೆ ಅಡ್ಡಿಪಡಿಸುವುದರಿಂದ ಶಿಸ್ತುಕ್ರಮಕ್ಕೆ ಗುರಿಯಾಗತಕ್ಕದ್ದು.

3. ಒಬ್ಬ ರೋಗಿಗೆ ಒಂದು ಚಾಪೆ. ಕಾಯಿಲೆಯವನ ಚಾಪೆಯ ಮೇಲೆ ಆರೋಗ್ಯವಂತನು ಮಲಗುವುದು ವಿಮೆಯ ದುರುಪಯೋಗ. ರಾತ್ರಿ ಪಾಳಿಯ ಕಾರ್ಮಿಕರು ಹಗಲಲ್ಲಿ ನಿದ್ದೆ ಮಾಡುವ ಕೆಟ್ಟ ಚಾಳಿಯನ್ನು ಬಿಟ್ಟು, ಈ ಕಚೇರಿಯ ಸಿಬ್ಬಂದಿಯಂತೆ ರಾತ್ರಿ ಹೊತ್ತು ಮಲಗುವುದನ್ನು ರೂಢಿಸಿಕೊಳ್ಳತಕ್ಕದ್ದು. (ಸಿಬ್ಬಂದಿಯ ಮಧ್ಯಾಹ್ನದ ನಿದ್ದೆಯ ವಿಷಯವಾಗಿ 9ನೇ ಕಲಮು ನೋಡುವುದು.)

4. ಬೈರಯ್ಯನಿಗೆ ಮಲಗಲು ಜಾಗವಿಲ್ಲವೆಂದಾದರೆ ಅವನ ತಾಯಿಯ ಊರಾದ ಮಲ್ಲತ್ತಹಳ್ಳಿಗೆ ಕರೆದುಕೊಂಡು ಹೋಗುವುದಾಗಿಯೂ, ಅಲ್ಲಿ ಹಜಾರವಿದೆ, ಗಾಳಿಯಿದೆ, ಹೊತ್ತಿಗೆ ರಾಗಿ ಗಂಜಿ ಕಾಯಿಸಿಕೊಡುವವರಿದ್ದಾರೆ ಎಂದೂ ಅಂಜಮ್ಮನು ಕೋರಿರುತ್ತಾಳೆ. ಕೋರಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ. ಮಲ್ಲತ್ತಹಳ್ಳಿಯು ವಿಮಾ ವ್ಯಾಪ್ತಿಯ ಆಚೆ ಇರುತ್ತದೆ. ವ್ಯಾಪ್ತಿಯ ಆಚೆ ಬಂದ ಜ್ವರ ಇಲಾಖೆಯ ಜ್ವರವಲ್ಲ. ಕಾರ್ಮಿಕನು ಗಡಿ ದಾಟುವಾಗ ತನ್ನ ಕಾಯಿಲೆಯನ್ನು ಈಚೆ ಬಿಟ್ಟು ಹೋಗುವುದಾದರೆ ಅಭ್ಯಂತರವಿಲ್ಲ.

5. ಎದ್ದು ನಿಲ್ಲುವುದು. ಇದು ಈ ಸುತ್ತೋಲೆಯ ಮುಖ್ಯಾಂಶವಾದ್ದರಿಂದ ಎಲ್ಲರೂ ಗಮನವಿಟ್ಟು ಓದುವುದು. ಓದಲು ಬಾರದವರು ಗಮನವಿಟ್ಟು ಪಾಲಿಸುವುದು.

(ಅ) ಇನ್ಸ್‌ಪೆಕ್ಟರು ಮನೆಗೆ ಬಂದಾಗ ಕಾರ್ಮಿಕನು ಎದ್ದು ನಿಂತು ಕೈಮುಗಿಯತಕ್ಕದ್ದು. ಸರ್ಕಾರದ ಕೆಲಸಕ್ಕೆ ಬಿಸಿಲಲ್ಲಿ ಬೈಸಿಕಲ್ ತುಳಿದು ಬಂದವರನ್ನು ಕಂಡು ಕಾಲು ಚಾಚಿ ಮಲಗಿರುವುದು ಅಗೌರವ. ಕೆಂಪಯ್ಯ ಎಂಬ ಇನ್ನೊಬ್ಬ ಕಾರ್ಮಿಕನು ಹೀಗೆ ಮಲಗಿಯೇ ಮಾತಾಡಿದ್ದರಿಂದ ಅವನ ಭತ್ಯವನ್ನು ನಿಲ್ಲಿಸಲಾಗಿದೆ. ಕಾಲು ಮುರಿದಿತ್ತೆಂಬ ಅವನ ಸಮಜಾಯಿಷಿ ತೃಪ್ತಿಕರವಾಗಿಲ್ಲ, ಕೈ ಸರಿಯಾಗಿಯೇ ಇತ್ತು.

(ಆ) ಎದ್ದು ನಿಂತ ಕಾರ್ಮಿಕನನ್ನು ಗುಣಮುಖನೆಂದು ದಾಖಲಿಸತಕ್ಕದ್ದು. ಅಧಿಕಾರಿಯ ಮುಂದೆ ನಿಲ್ಲಬಲ್ಲವನು ಯಂತ್ರದ ಮುಂದೆಯೂ ನಿಲ್ಲಬಲ್ಲನು.

(ಇ) ಮೇಲಿನ ಎರಡರಲ್ಲಿ ಯಾವುದನ್ನು ಪಾಲಿಸಬೇಕೆಂದು ಕೆಲವು ಕಾರ್ಮಿಕರು ಕೇಳಿದ್ದಾರೆ. ಎರಡನ್ನೂ ಪಾಲಿಸತಕ್ಕದ್ದು.

ಜ್ವರವಿದ್ದರೂ ಏಕೆ ಎದ್ದೆಯೆಂದು ಕೇಳಿದ್ದಕ್ಕೆ ಬೈರಯ್ಯನು, "ದೊಡ್ಡೋರು ಮನೆ ಬಾಗ್ಲಿಗೆ ಬಂದಾಗ ಕುಂತೇ ಇರಕ್ಕಾಯ್ತದಾ ಸ್ವಾಮಿ? ನಮ್ಮಪ್ಪ ಹಂಗೆ ಬೆಳೆಸಿಲ್ಲ" ಎಂದಿರುತ್ತಾನೆ. ತಂದೆ ಬೆಳೆಸಿದ ರೀತಿಯ ಬಗ್ಗೆ ಕಾಯಿದೆಯಲ್ಲಿ ಪ್ರಸ್ತಾಪವಿಲ್ಲ.

6. ಭತ್ಯ ನಿಂತ ಮರುದಿನವೇ ಬೈರಯ್ಯನು ಸೈರನ್ ಕೂಗುವ ಹೊತ್ತಿಗೆ ಮಿಲ್ಲಿನ ಗೇಟಿನಲ್ಲಿ ಹಾಜರಿದ್ದನು. ಡಬ್ಬದಲ್ಲಿ ರಾಗಿ ಮುಗಿದಿದ್ದರಿಂದ ಹೋದರೆಂದು ಹೆಂಡತಿ ಹೇಳುತ್ತಾಳೆ. ಇಲಾಖೆಯು ಇದನ್ನು ಬೇರೆ ರೀತಿ ನೋಡುತ್ತದೆ. ಡಾಕ್ಟರ ಮಿಕ್ಸ್ಚರು ಬಾಟಲಿಗಟ್ಟಲೆ ಕುಡಿದೂ ಏಳದವನು ಭತ್ಯ ನಿಲ್ಲಿಸಿದ ಕೂಡಲೇ ಎದ್ದು ಕೆಲಸಕ್ಕೆ ಹೋಗಿರುತ್ತಾನೆ. ಆದುದರಿಂದ ಭತ್ಯ ನಿಲ್ಲಿಸುವುದೇ ಅತ್ಯಂತ ಪರಿಣಾಮಕಾರಿಯಾದ ಔಷಧವೆಂದು ನಿರ್ಣಯಿಸಲಾಗಿದೆ. ಎಲ್ಲ ಔಷಧಾಲಯಗಳೂ ಇದನ್ನು ದಾಸ್ತಾನಿಟ್ಟುಕೊಂಡು, ಮಕ್ಕಳೊಂದಿಗರಾದ ಕಾರ್ಮಿಕರಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಡತಕ್ಕದ್ದು.

7. ಅದೇ ವಾರ ಬೈರಯ್ಯನು ಹತ್ತಿ ಹಿಂಜುವ ಯಂತ್ರದ ಬುಡದಲ್ಲಿ ಅಂಗಾತ ಬಿದ್ದಿರುವುದಾಗಿ ವರದಿ ಬಂದಿದೆ. ಬೆನ್ನು, ತಲೆಯ ಹಿಂಭಾಗ ಮತ್ತು ಎರಡೂ ಹಿಮ್ಮಡಿಗಳು ನೆಲಕ್ಕೆ ತಾಗಿದ್ದವು. ಮೊಟ್ಟಮೊದಲ ಬಾರಿಗೆ ಒಬ್ಬ ಕಾರ್ಮಿಕನು 1ನೇ ಕಲಮಿನ ಪ್ರಕಾರ ಚಾಚೂ ತಪ್ಪದೆ ಮಲಗಿದ್ದನ್ನು ಇಲಾಖೆ ಮೆಚ್ಚಿಕೊಂಡಿದೆ. ಆದರೆ ಮಲಗಿದ ಸ್ಥಳವು ರುಜುವಾತಾದ ಮನೆ ವಿಳಾಸವಲ್ಲದ ಕಾರಣ ಭತ್ಯ ಕೊಡಲು ಬರುವುದಿಲ್ಲ. ಕೆಲಸದ ವೇಳೆಯಲ್ಲಿ ಮಲಗಿದ್ದಕ್ಕಾಗಿ ಮಿಲ್ಲಿನವರು ಪ್ರತ್ಯೇಕವಾಗಿ ಕ್ರಮ ಜರುಗಿಸಬಹುದು.

8. ತರುವಾಯ ನಡೆದದ್ದು ಅತ್ಯಂತ ಖೇದಕರ. ಚಿಕ್ಕಹನುಮಯ್ಯ ಮತ್ತು ಮಿಲ್ಲಿನ ಇತರರು ಬೈರಯ್ಯನನ್ನು ಸದರಿ ಚಾಪೆಯ ಮೇಲೆಯೇ ಮಲಗಿಸಿ, ನಾಲ್ಕು ಮೂಲೆ ಹಿಡಿದು, ನಡುದಾರಿಯಲ್ಲಿ ಹೊತ್ತು ತಂದು ಈ ಕಚೇರಿಯ ಜಗಲಿಯಲ್ಲಿ ಇಳಿಸಿದರು. ಆಸ್ಪತ್ರೆಗೆ ಒಂದು ಚೀಟಿ ಬೇಕೆಂಬುದು ಅವರ ಬೇಡಿಕೆ. ಅಧೀಕ್ಷಕರು ಖುದ್ದಾಗಿ ಹೊರಗೆ ಬಂದರು. ಅವರನ್ನು ಕಂಡ ಬೈರಯ್ಯನು ಮೊಣಕೈ ಊರಿ ಏಳಲು ಪ್ರಯತ್ನಿಸಿದನು. ಇದನ್ನು ಅರ್ಧ ಗುಣವೆಂದು ಬರೆದುಕೊಳ್ಳುತ್ತಿರುವಾಗಲೇ ಅಂಜಮ್ಮನು ಗಂಡನ ಎದೆಯ ಮೇಲೆ ಕೈಯಿಟ್ಟು ಒತ್ತಿ ಮಲಗಿಸಿ, ಸಿಬ್ಬಂದಿಯೆಲ್ಲರ ಸಮಕ್ಷಮದಲ್ಲಿ ಈ ರೀತಿ ಹೇಳಿದ್ದು ದಾಖಲಾಗಿದೆ: "ಏಳ್ಬೇಡಿ. ಈ ಜನಕ್ಕೆ ಎದ್ದೂ ಎದ್ದೂನೇ ನಿಮ್ ಜೀವ ಹೋಗ್ತಾ ಐತೆ. ಒಂದು ಸಲ ಸೆಟೆದು ಮಲಗಿ, ಏನ್ ಕಿತ್ಕೊಂತಾರೋ ನೋಡೇಬಿಡಾಣ."

ಈ ಮಾತಿನಿಂದ ಇಲಾಖೆಯ ಮನಸ್ಸಿಗೆ ತೀವ್ರವಾದ ನೋವಾಗಿದೆ. ಕಿತ್ತುಕೊಳ್ಳಬಹುದಾದದ್ದು ಏನಿದೆಯೆಂದು ಪರಿಶೀಲಿಸಲಾಗಿ, ಚಾಪೆಯೊಂದೇ ಕಂಡುಬಂದದ್ದರಿಂದ ಅದನ್ನು ಸಾಕ್ಷ್ಯವಸ್ತುವೆಂದು ಜಪ್ತಿ ಮಾಡಲಾಯಿತು. ಚೀಟಿ ಕೊಡಲಾಗಲಿಲ್ಲ, ಗುಣಮುಖನೆಂದು ದಾಖಲಾದವನನ್ನು ಆಸ್ಪತ್ರೆಗೆ ಕಳಿಸಿದರೆ ಆಡಿಟ್ಟಿನವರು ಆಕ್ಷೇಪಣೆ ಎತ್ತುತ್ತಾರೆ. ಬೈರಯ್ಯನನ್ನು ಕಂಬಳಿಯಲ್ಲಿ ಸುತ್ತಿ ತಮ್ಮನು ಹೆಗಲ ಮೇಲೆ ಹಾಕಿಕೊಂಡು ಹೋದನು.

9. ಜಪ್ತಾದ ಚಾಪೆಯು ಅಧೀಕ್ಷಕರ ಕೊಠಡಿಯಲ್ಲಿ ಸುರಕ್ಷಿತವಾಗಿದೆ. ಹುಳು ಬೀಳದಂತೆ ನೋಡಿಕೊಳ್ಳುವ ಸಲುವಾಗಿ ಅಧೀಕ್ಷಕರು ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಮಲಗಿ ಪರೀಕ್ಷಿಸುತ್ತಿದ್ದಾರೆ. ಅಧೀಕ್ಷಕರಿಗೆ ಕಾಯಿಲೆ ಇಲ್ಲದ ಕಾರಣ ಅವರು ಮಗ್ಗುಲಾಗಿ ಮಲಗಬಹುದು. ಈ ವೇಳೆಯಲ್ಲಿ ಸಾರ್ವಜನಿಕರು ಜಗಲಿಯಲ್ಲಿ ಕೆಮ್ಮಕೂಡದು.

10. ಈ ಸುತ್ತೋಲೆಯ ಒಂದು ಪ್ರತಿಯನ್ನು ಜವಾನನು ಬೈರಯ್ಯನ ಮನೆಗೆ ಒಯ್ದು ಅವನ ಕೈಗೇ ಕೊಡತಕ್ಕದ್ದು. ಅವನು ಎದ್ದು ಬಂದು ತೆಗೆದುಕೊಂಡಲ್ಲಿ 'ಗುಣಮುಖ' ಎಂದೂ, ಏಳದೆ ಇದ್ದಲ್ಲಿ 'ಅಗೌರವ' ಎಂದೂ ಹಿಂಬರಹ ಮಾಡಿಸತಕ್ಕದ್ದು. ಎರಡರಲ್ಲಿ ಯಾವುದಾದರೂ ಸರಿಯೇ, ಕಡತವನ್ನು ಮುಕ್ತಾಯಗೊಳಿಸಲು ಅಡ್ಡಿಯಿಲ್ಲ.

(ಸಹಿ) ವೆಂಕಟಗಿರಿ
ಮುಖ್ಯ ಗುಮಾಸ್ತೆ
ಅಧೀಕ್ಷಕರ ಪರವಾಗಿ
(ಅಧೀಕ್ಷಕರು ಚಾಪೆಯ ಪರೀಕ್ಷೆಯಲ್ಲಿರುತ್ತಾರೆ)

ಪ್ರತಿಗಳು:
1. ಎಲ್ಲ ಮಿಲ್ಲು ಮತ್ತು ಕಾರ್ಖಾನೆಗಳ ವ್ಯವಸ್ಥಾಪಕರಿಗೆ, ಹರ್ಷದೊಂದಿಗೆ.
2. ವಿಮಾ ಡಾಕ್ಟರಿಗೆ. ಇನ್ನು ಮುಂದೆ ಕಾಯಿಲೆ ಬರೆಯುವ ಮುನ್ನ ರೋಗಿಯ ಮನೆಯಲ್ಲಿ ಎಷ್ಟು ಚಾಪೆಗಳಿವೆ ಎಂದು ವಿಚಾರಿಸುವುದು.
3. ಇನ್ಸ್‌ಪೆಕ್ಟರ್ ಸೇತುರಾಮ ಅವರಿಗೆ. ಬೈಸಿಕಲ್ ಗಂಟೆಯ ರಿಪೇರಿ ಮಂಜೂರಾಗಿದೆ.
4. ಚಿಕ್ಕಹನುಮಯ್ಯನಿಗೆ, ಅವನು ಎಚ್ಚರವಾಗಿದ್ದಾಗ.
5. ಚಾಪೆಗೆ ಲಗತ್ತಿಸಲು ಒಂದು ಪ್ರತಿ.
6. ಬೈರಯ್ಯನಿಗೆ, ಜವಾನ ನಂಜುಂಡಪ್ಪನ ಮುಖಾಂತರ.

6ನೇ ಪ್ರತಿಯ ಜಾರಿ ಬಗ್ಗೆ ಹಿಂಬರಹ
(ಜವಾನ ನಂಜುಂಡಪ್ಪನ ಬಾಯಿಂದ ಕೇಳಿ ಬರೆದುಕೊಂಡದ್ದು)

"ಬಾಗ್ಲು ತೆಗ್ದೇ ಇತ್ತು ಸಾರ್. ವಠಾರದೋರೆಲ್ಲ ಒಳಗೆ, ಜಗಲಿ ಮೇಲೆ, ಬರೀ ನೆಲದಲ್ಲಿ ಕುಂತಿದ್ರು. ಅವ್ರವ್ರ ಮನೆ ಚಾಪೆ ಎಲ್ಲಾ ತಂದು ಒಂದ್ರ ಮೇಲೊಂದು ಬೈರಯ್ಯನ ಕೆಳಗೆ ಹಾಸವ್ರೆ. ಇಲಾಖೆಯಿಂದ ಬಂದಿದೀನಿ ಅಂದೆ. ಯಾರೂ ಏಳ್ಲಿಲ್ಲ. ಮುದುಕರು ಏಳ್ಲಿಲ್ಲ, ಹೆಂಗಸ್ರು ಏಳ್ಲಿಲ್ಲ, ಚಿಕ್ಕಹನುಮಯ್ಯನೂ ಏಳ್ಲಿಲ್ಲ. ಬೈರಯ್ಯ ಒಬ್ನೇ ಏಳಕ್ಕೆ ನೋಡ್ದ. ಅಂಜಮ್ಮ ಅವ್ನ ಕಡೆ ತಿರುಗಿ ನೋಡಿದ್ಲು ಅಷ್ಟೇ. ಹಂಗೇ ಮಲಕ್ಕೊಂಡು ಕೈ ಚಾಚ್ದ. ಇದನ್ನ ಗುಣ ಅಂತ ಬರ್ಕೊಂತೀರೋ, ಅಗೌರವ ಅಂತ ಬರ್ಕೊಂತೀರೋ, ನಂಗೊತ್ತಿಲ್ಲ ಸಾರ್. ಕಾಗದ ನಾನೇ ಬಗ್ಗಿ ಕೊಟ್ಟು ಬಂದೆ."